ಯಂಕಣ್ಣ ಕಡಲಲ್ಲಿ ಕೇಳಿದ ಪ್ರಶ್ನೆ

ಮುಂಬಯಿ ಬಳಿಯ ಸೀವುಡ್ಸ್‌ನ ಒಂದು ಹದಿನಾಲ್ಕು ಮಹಡಿಯ ವಸತಿ ಸೊಸೈಟಿಯ ಗೇಟಿನಲ್ಲಿ ಯಂಕಣ್ಣ ಕಾವಲಿಗೆ ಕೂತಿದ್ದಷ್ಟು ಕಾಲ ಅವನನ್ನು ದಾಟಿ ಒಳಗೆ ಹೋಗುವುದು ಸುಲಭದ ಮಾತಾಗಿರಲಿಲ್ಲ. ಗ್ಯಾಸ್ ತಂದವನಿರಲಿ, ಹೆಣ್ಣು ನೋಡಲು ಬಂದ ಹುಡುಗನಿರಲಿ, ಹೆಸರೇನು, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗಬೇಕು, ಯಾಕೆ ಎಂಬ ನಾಲ್ಕೂ ಮಾತು ರಿಜಿಸ್ಟರಿನಲ್ಲಿ ಇಳಿಯಬೇಕು. ಒಮ್ಮೆ ಸೊಸೈಟಿಯ ಸೆಕ್ರೆಟರಿಯೇ ಮಗಳ ಅರಿಶಿನಕ್ಕೆ ಬ್ಯಾಂಡಿನವರನ್ನು ಕರೆತಂದರು. ಯಂಕಣ್ಣ ಹನ್ನೊಂದು ಜನರ ಹೆಸರನ್ನೂ ಬರೆಸಿಕೊಂಡ. ಅಷ್ಟರಲ್ಲಿ ಅರಿಶಿನವೇ ಮುಗಿದಿತ್ತು ಎಂದು ಜನ ಹೇಳುವುದು ಸ್ವಲ್ಪ ಹೆಚ್ಚಾಯಿತು. ಬರೆಸಿಕೊಂಡದ್ದು ಮಾತ್ರ ನಿಜ.

ಹುಟ್ಟಿನಿಂದಲೇ ಅವನು ಹಾಗಿರಲಿಲ್ಲ. ರಾಯಚೂರು ಕಡೆಯಿಂದ ಕಲ್ಯಾಣದ ಬಳಿಯ ಶಹಾಡಿಗೆ ಬಂದು ಹಮಾಲಿ ಮಾಡಿ, ಆಮೇಲೆ ಅಲ್ಲಿಯೇ ಒಂದು ಗೋದಾಮಿನ ಗೇಟು ಕಾಯುತ್ತಿದ್ದ. ಎರಡು ಸಾವಿರದ ಏಳರಲ್ಲಿ ಒಂದು ದಿನ, ಜೊತೆಗೆ ಮೂಟೆ ಹೊತ್ತ ಹಳೆಯ ಗೆಳೆಯ ಟೆಂಪೋ ತಂದು, ಬಿಡೋ, ನಾನೆಲ್ಲಾ ನೋಡ್ಕೋತೀನಿ ಅಂದ. ಯಂಕಣ್ಣ ಬಿಟ್ಟ. ಟೆಂಪೋದಲ್ಲಿ ಗೋದಾಮಿನ ತಾಮ್ರದ ತಂತಿ ಇತ್ತು. ಪೊಲೀಸರು ಕೇಳಿದಾಗ ಗೆಳೆಯನ ಮೇಲಿನ ಮರುಕಕ್ಕೆ ಮೊದಲ ದಿನ ಬಾಯಿ ಬಿಡಲಿಲ್ಲ. ಅದಕ್ಕೆ ಅವನನ್ನೂ ಎರಡು ದಿನ ಚೌಕಿಯಲ್ಲಿ ಕೂರಿಸಿದರು. ತಪ್ಪಿಲ್ಲವೆಂದು ಬಿಟ್ಟರೂ ನೌಕರಿ ಹೋಯಿತು, ಹೆಸರು ಪೊಲೀಸರ ಯಾವುದೋ ಕಾಗದದಲ್ಲಿ ಉಳಿಯಿತು.

ಆ ಎರಡು ದಿನ ಚೌಕಿಗೆ ಇಡ್ಲಿ ಚಹಾ ಕಳಿಸಿದವನು ವಸಂತಕುಮಾರ. ಶಹಾಡ್ ಸ್ಟೇಷನ್ ಪಕ್ಕ ಅವನದೊಂದು ಸಣ್ಣ ಹೋಟೆಲು. ಮಲ್ಪೆಯ ಮೀನುಗಾರರ ಮನೆಯವನು. ತಂದೆ ಕಡಲಿಗೆ ಹೋಗುತ್ತಿದ್ದರು, ಇವನು ಹದಿನಾಲ್ಕಕ್ಕೇ ಮುಂಬಯಿಯ ರೈಲು ಹತ್ತಿದ್ದ. ಗಿರಾಕಿಯೊಬ್ಬರಿಗೆ ಹೇಳಿ ಯಂಕಣ್ಣನಿಗೆ ಸೀವುಡ್ಸ್‌ನ ಕೆಲಸ ಕೊಡಿಸಿದವನೂ ಅವನೇ. ಅದೇ ಹೋಟೆಲಿನ ಮೂಲೆಯ ಮೇಜಿನಲ್ಲಿ ಅವರಿಬ್ಬರಿಗೆ ಹೃಷೀಕೇಶ ಸೇರಿಕೊಂಡ. ಧಾರವಾಡದವನು, ಬೇಲಾಪುರದಲ್ಲಿ ಒಂದು ಆಫೀಸಿನ ಗುಮಾಸ್ತ, ಮಾತಿನ ಮಲ್ಲ.

ಎರಡು ಸಾವಿರದ ಹದಿನಾಲ್ಕರ ಫೆಬ್ರವರಿಯಲ್ಲಿ ವಸಂತಕುಮಾರ ಒಂದು ಸುದ್ದಿ ತಂದ. ಅವನ ಬಾಲ್ಯದ ಗೆಳೆಯ ಭುಜಂಗ ಅಂಡಮಾನಿಗೆ ಹೋಗಿ ನೆಲೆಸಿದ್ದ. ಹಳೆಯ ಮೀನಿನ ದೋಣಿಗೆ ಕಂಬ ನಿಲ್ಲಿಸಿ, ಹಾಯಿ ಕಟ್ಟಿ, ಪ್ರವಾಸಿಗಳನ್ನು ದ್ವೀಪದಿಂದ ದ್ವೀಪಕ್ಕೆ ಕರೆದೊಯ್ಯುತ್ತಿದ್ದ. ಐದು ದಿನ ಬಾ, ಗೆಳೆಯರನ್ನೂ ಕರೆದುಕೊಂಡು ಬಾ ಎಂದು ಕರೆದಿದ್ದಾನೆ. ಯಾವ ದ್ವೀಪ, ರಾತ್ರಿ ಎಲ್ಲಿ ಇಳಿಯುವುದು ಎಂದು ಯಂಕಣ್ಣ ಕೇಳಿದ. ಭುಜಂಗ ಇದ್ದಾನಲ್ಲ, ಅವನೆಲ್ಲಾ ನೋಡಿಕೊಳ್ತಾನೆ ಎಂದ ವಸಂತಕುಮಾರ.

ಆ ಮಾತು ಯಂಕಣ್ಣನಿಗೆ ಹಿಡಿಸಲಿಲ್ಲ. ಅವನ ಮಗಳು ದಾನೇಶ್ವರಿ ಆಗಷ್ಟೇ ಪೊಲೀಸ್ ನೇಮಕಾತಿಯಲ್ಲಿ ಪಾಸಾಗಿದ್ದಳು; ಕಾನ್‌ಸ್ಟೇಬಲ್ ಆರ್ಡರ್ ಬರುವ ಮುಂಚೆ ಮನೆಯವರ ಹಿನ್ನೆಲೆ ವಿಚಾರಿಸುವುದು ಬಾಕಿಯಿತ್ತು. ಹಳೆಯ ಕಾಗದ ಹೊರಗೆ ಬರದಿದ್ದರೆ ಸಾಕು ಎಂದು ಅವಳ ತಾಯಿ ಮರಗಮ್ಮ ವಾರಕ್ಕೆರಡು ಉಪವಾಸ ಹಿಡಿದಿದ್ದಳು. ಇಂಥ ಹೊತ್ತಿನಲ್ಲಿ ಹೊಸದೊಂದು ಕಾಗದ ಸೇರಿದರೆ ಹುಡುಗಿಯ ಗತಿಯೇನು? ಆದರೂ ವಸಂತಕುಮಾರನಿಗೆ ಒಲ್ಲೆ ಅನ್ನಲು ಯಂಕಣ್ಣನ ನಾಲಿಗೆ ಏಳಲಿಲ್ಲ.

ಅಂಡಮಾನಿನ ದೋಣಿಕಟ್ಟೆಯ ಬಳಿ ಬೆಳಿಗ್ಗೆ ಭುಜಂಗ ಕಾದಿದ್ದ. ದಪ್ಪ ಮೀಸೆ, ನಗುಮುಖ. ನಗುಮುಖದ ಮನುಷ್ಯ ಗೇಟಿಗೆ ಬಂದರೆ ಯಂಕಣ್ಣ ಎರಡು ಸಲ ನೋಡುತ್ತಿದ್ದ. ಇಲ್ಲಿಯೂ ನೋಡಿದ. ದೋಣಿಯ ಹಿಂಭಾಗದಲ್ಲಿ ಎರಡು ಗೋಣಿಚೀಲ ಕಂಡವು. ಅಡುಗೆಯ ಅಕ್ಕಿ ಮುಂಭಾಗದಲ್ಲಿತ್ತು, ನೀರಿನ ಕ್ಯಾನುಗಳು ನಡುವೆ ಇದ್ದವು. ಹಾಗಾದರೆ ಇವೇನು? ಭುಜಂಗ ಹಗ್ಗ ಬಿಚ್ಚಿ ಒಂದು ಕಾಲು ದೋಣಿಗೆ ಇಟ್ಟಿದ್ದಾನೆ, ಆಗ ಯಂಕಣ್ಣ ಕೇಳಿಯೇಬಿಟ್ಟ.

"ನಾವೀಗ ಎಲ್ಲಿಗೆ ಹೊಂಟೀವ್ರಿ?"

ವಸಂತಕುಮಾರನ ಮುಖ ಇಳಿಯಿತು. ಭುಜಂಗ ಹಗ್ಗವನ್ನು ಮತ್ತೆ ಬಿಗಿದು, ಕಟ್ಟೆಯ ಕಲ್ಲಿನ ಮೇಲೆ ಹೋಗಿ ಕುಳಿತ.

"ಏನಾತ್ರೀ, ಪೆಟ್ರೋಲ್ ಖಾಲಿ ಏನ್?" ಎಂದ ಹೃಷೀಕೇಶ.

ವಸಂತಕುಮಾರ ತಗ್ಗಿದ ದನಿಯಲ್ಲಿ ಬಿಡಿಸಿ ಹೇಳಿದ. ಕಡಲಿಗೆ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಅವನ ಅಮ್ಮ ಅಪ್ಪನನ್ನು ಜೀವಮಾನದಲ್ಲಿ ಒಮ್ಮೆಯೂ ಕೇಳಿದವಳಲ್ಲ. ಬೇಕಾದರೆ ದೂರವಾ ಅನ್ನುತ್ತಿದ್ದಳು, ಅಷ್ಟೆ. ಯಾರಾದರೂ ಕೇಳಿಬಿಟ್ಟರೆ ಇಳಿದು, ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ಯಂಕಣ್ಣ ನಾಚಿ ಕೈಮುಗಿದ. ತಮ್ಮೂರಲ್ಲೂ ಹೊಲಕ್ಕೆ ಹೊಂಟವರನ್ನು ಹಿರಿಯರು ಹಾಗೆ ಕೇಳಗೊಡುತ್ತಿರಲಿಲ್ಲ. ಗೇಟಿನ ಕೆಲಸ ಅದನ್ನು ಮರೆಸಿತ್ತು. ಆದರೆ ಭುಜಂಗ ನೀರು ಕುಡಿದು ಬಂದವನು ಮೊದಲು ಮಾಡಿದ್ದೇನು? ಆ ಎರಡು ಚೀಲವನ್ನು ಹಲಗೆಯ ಕೆಳಗೆ ತಳ್ಳಿ, ತಾಡಪಾಲು ಹೊದಿಸಿದ. ಹೊಸದಾಗಿ ಹೊರಡಲು ತಾಡಪಾಲು ಯಾಕೆ ಬೇಕು?

ಮೊದಲ ದಿನ ಚಂದವಿತ್ತು, ಸುಳ್ಳು ಹೇಳಬಾರದು. ಹಾಯಿ ಗಾಳಿ ತುಂಬಿಕೊಂಡಾಗ ಇಂಜಿನ್ನಿನ ಸದ್ದಿಲ್ಲದೆ ದೋಣಿ ಸರಿಯುವುದು, ನೀರಿನಡಿಯ ಬಿಳಿ ಮರಳು, ದ್ವೀಪದ ತೆಂಗಿನಮರಗಳು ತಮ್ಮಷ್ಟಕ್ಕೆ ಹತ್ತಿರ ಬರುವುದು. ಲೋಕಲ್ ಗಾಡಿಯಲ್ಲಿ ಒಂದೇ ಕಾಲಿನ ಮೇಲೆ ಕಲ್ಯಾಣ ದಾಟುವ ಹೃಷೀಕೇಶ, ಕಾಲು ಚಾಚಲು ಜಾಗ ಸಿಕ್ಕಿತೆಂದು ಅರ್ಧ ದಿನ ಮಲಗಿಯೇ ಇದ್ದ. ಯಂಕಣ್ಣನ ಕಣ್ಣು ತಾಡಪಾಲನ್ನು ಬಿಡಲಿಲ್ಲ. ಸಂಜೆ ಭುಜಂಗ, ವಸಂತಕುಮಾರ ತುಳುವಿನಲ್ಲಿ ಮಾತಾಡಿ ನಕ್ಕಾಗ, ಇವನಿಗೆ ಅರ್ಥವಾಗದ ಆ ನಗುವಿನಲ್ಲಿ ತನ್ನ ಹೆಸರು ಎರಡು ಸಲ ಬಂತು. ಚೀಲದ ಗುಟ್ಟು ವಸಂತಣ್ಣನಿಗೂ ಗೊತ್ತೇ? ಚೌಕಿಗೆ ಇಡ್ಲಿ ಕಳಿಸಿದವನನ್ನು ಹೀಗೆ ಅಳೆಯುತ್ತಿದ್ದೇನಲ್ಲ ಎಂದು ಅವನಿಗೇ ಅಸಹ್ಯವಾಯಿತು. ಆದರೂ ಅಳೆದ.

ಮರುದಿನ ಭುಜಂಗ ಜನವಿದ್ದ ಎರಡು ದ್ವೀಪ ಬಿಟ್ಟು, ಮನೆಮಾರಿಲ್ಲದ ಮೂರನೆಯದರ ಬೆನ್ನಿಗೆ ದೋಣಿ ತಿರುಗಿಸಿದ. ಗಡಿಯಾರ ನೋಡುತ್ತಿದ್ದ. ಪ್ರವಾಸಕ್ಕೆ ಕರೆತಂದವನಿಗೆ ಗಡಿಯಾರ ಯಾಕೆ? ಯಂಕಣ್ಣ ವಸಂತಕುಮಾರನ ಪಕ್ಕ ಹೋಗಿ ಕುಳಿತ.

"ವಸಂತಣ್ಣ, ನಿಮ್ಮ ಕಡೆ ಈ ಎಲ್ಲಿಗೆ ಅನ್ನೋದು ಎಷ್ಟೊತ್ತನ ಕೇಳಬಾರದು?"

"ದಂಡೆ ಬಿಡುವವರೆಗೆ ಮಾರಾಯ. ನೀರಿಗೆ ಬಿದ್ದ ಮೇಲೆ ಎಲ್ಲ ಹೇಳಿಕೊಳ್ಳುವುದೇ. ಇಲ್ಲದಿದ್ದರೆ ದೋಣಿಯಲ್ಲಿದ್ದವರು ಕೆಲಸ ಮಾಡುವುದು ಹೇಗೆ?"

"ಮತ್ತ ನಾ ನಿನ್ನೆಯಿಂದ ಮೂರು ಸಲ ಕೇಳೀನಿ. ನೀರಿನ ಮ್ಯಾಲೇ ಕೇಳೀನಿ. ಪದ್ಧತಿ ಇಲ್ಲ, ಕೇಳಬಾರದು ಅಂತಾನ ಭುಜಂಗ."

ವಸಂತಕುಮಾರ ತಾನೇ ಎದ್ದುಹೋಗಿ, ಎಲ್ಲಿಗೆಂದು ಭುಜಂಗನನ್ನು ತುಳುವಿನಲ್ಲಿ ಕೇಳಿದ. ಭುಜಂಗ ನಗುತ್ತಲೇ, ಎಲ್ಲರಿಗೂ ತಿಳಿಯುವ ಹಾಗೆ ಕನ್ನಡದಲ್ಲಿ ಹೇಳಿದ: "ಏನು ಮಾರಾಯ, ಕಡಲಲ್ಲಿ ಯಾರಾದರೂ ಅದನ್ನು ಕೇಳ್ತಾರಾ?"

ಗೇಟಿನವನಿಗೆ ಹೇಳಿದರೆ ನಡೆಯುತ್ತಿತ್ತು. ಮೀನುಗಾರನ ಮಗ ಮೀನುಗಾರನ ಮಗನಿಗೆ ಆ ಮಾತು ಹೇಳಬಾರದಿತ್ತು. ವಸಂತಕುಮಾರ ಬಗ್ಗಿ ತಾಡಪಾಲು ಎಳೆದು, ಚೀಲದ ಬಾಯಿ ಬಿಚ್ಚಿದ. ಒಳಗೆ ಒಣಗಿಸಿದ, ಸುಕ್ಕುಗಟ್ಟಿದ ಕಪ್ಪು ತುಂಡುಗಳು. ಕಡಲಸೌತೆ ಎಂಬ ಜೀವಿ; ಹಿಡಿಯಬಾರದು, ಮಾರಬಾರದು ಎಂದು ಸರಕಾರದ ಕಾನೂನಿದೆ. ಭುಜಂಗನ ನಗು ಆಗ ನಿಂತಿತು. ವಯಸ್ಸಾದ ಪ್ರವಾಸಿಗಳಿರುವ ದೋಣಿಯನ್ನು ಯಾರೂ ತಪಾಸಣೆ ಮಾಡುವುದಿಲ್ಲ, ಅದಕ್ಕೇ ಕರೆದದ್ದು, ಇನ್ನೊಂದು ದೋಣಿ ಬಂದು ಚೀಲ ಒಯ್ಯುತ್ತದೆ, ನಿಮಗೇನು ನಷ್ಟ ಎಂದ. ಒಪ್ಪದಿದ್ದರೆ ಈಗಲೇ ನೀರಿಗೆ ಚೆಲ್ಲುತ್ತೇನೆ, ಮರೆತುಬಿಡಿ ಎಂದ.

ಚೆಲ್ಲಲಿ ಬಿಡು ಎಂದು ಹೃಷೀಕೇಶನೂ ಅಂದ. ವಸಂತಕುಮಾರ ಭುಜಂಗನ ಮುಖ ನೋಡಲಾರದೆ ನೀರು ನೋಡುತ್ತಿದ್ದ.

"ಚೆಲ್ಲಿದ್ರ ನಾವೂ ಕೂಡಿದಂಗ," ಎಂದ ಯಂಕಣ್ಣ. "ಆವತ್ತು ಶಹಾಡಿನಾಗ ಒಂದು ದಿನ ಸುಮ್ಮಕಿದ್ದೆ, ಏಳು ವರ್ಷ ಆತು, ಇನ್ನೂ ಹೆದರ್ತೀನಿ. ನಾಳೆ ಯಾರರ ಇವನನ್ನ ಹಿಡಿದ್ರ ನಮ್ಮ ಹೆಸರು ಇವನ ಬಾಯಾಗಿಂದ ಬರ್ತಾವು. ನನ್ನ ಮಗಳ ನೌಕರಿ ಅಲ್ಲೇ ಮುಗೀತು. ನಮ್ಮ ಹೆಸರು ನಾವೇ ಮೊದಲು ಹೇಳೋಣು. ದೋಣಿ ತಿರುಗಸ್ರಿ."

ಭುಜಂಗ ಕದಲಲಿಲ್ಲ. ವಸಂತಕುಮಾರನೇ ಚುಕ್ಕಾಣಿ ಹಿಡಿದ. ನಲವತ್ತು ವರ್ಷ ಹಿಡಿಯದ ಕೈ; ದೋಣಿ ಎರಡು ಸಲ ಅಡ್ಡ ತಿರುಗಿ, ಮೂರನೆಯ ಸಲ ಮಾತು ಕೇಳಿತು.

ಅರಣ್ಯ ಇಲಾಖೆಯ ಚೌಕಿ ಕಟ್ಟೆಯಿಂದ ನಾಲ್ಕು ಹೆಜ್ಜೆ. ಅಧಿಕಾರಿ ಚೀಲ ನೋಡಿ, ಹೇಳಿಕೆ ಬರೆದು, ಸಹಿಗೆ ಮುಂದೆ ಇಟ್ಟರು. ಯಂಕಣ್ಣ ಸಹಿಗೆ ಮೊದಲು ಹೊರಗೆ ಬಂದು ಮಗಳಿಗೆ ಫೋನು ಹಚ್ಚಿದ. ದಾನೇಶ್ವರಿ ಪೂರ್ತಿ ಕೇಳಿಸಿಕೊಂಡಳು.

"ಪಪ್ಪಾ, ಸಾಕ್ಷೀದಾರ ಅಂದ್ರ ಆರೋಪಿ ಅಲ್ಲ. ಸಹಿ ಮಾಡು. ಆದ್ರ ಒಬ್ಬನೇ ಮಾಡಬ್ಯಾಡ. ಆ ಮನಷಾ ಚೀಲ ನಿನ್ನವೇ ಅಂದ್ರ ಏನ್ ಮಾಡ್ತಿ? ಅವನ ಊರಿನವರು ಯಾರರ ಸಾಕ್ಷಿ ಬರೀಬೇಕು."

ಊರಿನವನು ಒಬ್ಬನೇ. ವಸಂತಕುಮಾರ ಚೌಕಿಯ ಹೊರಗಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಒಳಗೆ ಭುಜಂಗ ಗೋಡೆಗೆ ಒರಗಿ, ಅವನನ್ನೇ ನೋಡುತ್ತಿದ್ದ. ಒಂದೇ ಶಾಲೆ, ಒಂದೇ ಕೇರಿ, ತಾಯಂದಿರು ಒಂದೇ ಬುಟ್ಟಿಯಲ್ಲಿ ಮೀನು ಮಾರಿದವರು. ಇವನು ಬರೆಯುತ್ತಾನೆಯೇ? ಯಂಕಣ್ಣ ಬಾಯಿಬಿಟ್ಟು ಕೇಳಲಿಲ್ಲ, ಕೇಳಿದರೆ ಹಳೆಯ ಇಡ್ಲಿಯ ಋಣವನ್ನೇ ತಿರುಗಿ ಬೇಡಿದಂತೆ. ಒಳಗೆ ಹೋಗಿ ತನ್ನ ಸಹಿ ಹಾಕಿ, ಪೆನ್ನು ಮೇಜಿನ ಮೇಲಿಟ್ಟ. ಬಹಳ ಹೊತ್ತು ಅದು ಅಲ್ಲೇ ಇತ್ತು.

ವಸಂತಕುಮಾರ ಬಂದು ಪೆನ್ನು ತೆಗೆದುಕೊಂಡ. ಶಹಾಡಿನ ವಿಳಾಸ ಬರೆದ. ಬರೆದು ನಿಂತವನು, "ಊರಿನದ್ದೂ ಬರೀತೇನೆ," ಎಂದು ಅದರ ಕೆಳಗೆ ಮಲ್ಪೆಯ ಮನೆಯ ವಿಳಾಸವನ್ನೂ ಅಕ್ಷರ ಬಿಡಿಸಿ ಬರೆದ. ಭುಜಂಗ ಮುಖ ತಿರುಗಿಸಿಕೊಂಡ.

ಜೂನ್‌ನಲ್ಲಿ ದಾನೇಶ್ವರಿಗೆ ಆರ್ಡರ್ ಬಂತು. ಅದಕ್ಕೆ ಮೊದಲು ವಿಚಾರಣೆಗೆ ಬಂದ ಹವಾಲ್ದಾರ ಹಳೆಯದನ್ನೂ ಕೇಳಿದ, ಹೊಸದನ್ನೂ ಕೇಳಿದ. ಯಂಕಣ್ಣ ಎರಡನ್ನೂ ಹೇಳಿ ಚಹಾ ಕೊಟ್ಟ. ವಸಂತಕುಮಾರನಿಗೆ ಆ ವರ್ಷ ಮಲ್ಪೆಯಿಂದ ಒಂದೂ ಮದುವೆಯ ಕಾಗದ ಬರಲಿಲ್ಲ. ಸೋದರಸೊಸೆಯ ಮದುವೆ ಮುಗಿದದ್ದು ಅವನಿಗೆ ಯಾರದೋ ಮೊಬೈಲಿನ ಫೋಟೊದಿಂದ ತಿಳಿಯಿತಂತೆ. ಅದನ್ನು ಅವನು ಹೃಷೀಕೇಶನಿಗಷ್ಟೇ ಹೇಳಿದ. ಹೃಷೀಕೇಶನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವಾದ್ದರಿಂದ ಯಂಕಣ್ಣನಿಗೆ ಗೊತ್ತಾಯಿತು. ಅವನು ಮನೆಗೆ ಬಂದು, ನಿನ್ನ ಮದುವೆಯ ಮೊದಲ ಕಾಗದ ವಸಂತಣ್ಣನಿಗೆ, ನೆನಪಿಟ್ಟುಕೋ ಎಂದು ಮಗಳಿಗೆ ಹೇಳಿದ.

ದಾನೇಶ್ವರಿ ಬೂಟಿಗೆ ಪಾಲಿಶ್ ಹಾಕುತ್ತಿದ್ದಳು. "ಕೊಡೋಣು ಪಪ್ಪಾ," ಎಂದಳು. "ಮೊದಲ ಹುಡುಗನ್ನರ ನೋಡು."