ನಾಲ್ಕು ಸಂಜೆಯ ಜ್ವರ

ನನ್ನ ಗಂಡ ತಕ್ಕಡಿ ರಿಪೇರಿ ಮಾಡುತ್ತಿದ್ದರು. ಅಂಗಡಿಯವರೆಲ್ಲ ಅವರನ್ನು ಮುಳ್ಳಣ್ಣ ಎನ್ನುತ್ತಿದ್ದರು. ತಕ್ಕಡಿಯ ನಡುವಿನ ಮುಳ್ಳು ನೆಟ್ಟಗೆ ನಿಲ್ಲುವ ತನಕ ಕೂತ ಜಾಗ ಬಿಟ್ಟು ಏಳುತ್ತಿರಲಿಲ್ಲ, ಅದಕ್ಕೆ.

ಯಾವ ತೂಕವನ್ನೂ ಒಂದೇ ಸಲ ನೋಡಿ ನಂಬುತ್ತಿರಲಿಲ್ಲ. ಮೊದಲು ಎಡತಟ್ಟೆಯಲ್ಲಿಟ್ಟು ನೋಡಬೇಕು, ಆಮೇಲೆ ಬಲತಟ್ಟೆಯಲ್ಲಿಟ್ಟು ನೋಡಬೇಕು. ಮದುವೆಯಾದ ಹೊಸತರಲ್ಲಿ ನಾನು ತಂದ ಬೇಳೆಯನ್ನೂ ಹಾಗೇ ತೂಗಿದರು.

"ನನ್ನನ್ನೂ ಎರಡು ಸಲ ತೂಗಿ ಕಟ್ಕೊಂಡ್ರಾ?" ಎಂದೆ.

"ಒಂದೇ ಸಲಕ್ಕೆ ಗೊತ್ತಾಯ್ತು ಬಿಡು, ಭಾರ ಅಂತ."

ಮೂರು ದಿನ ಮಾತು ಬಿಟ್ಟಿದ್ದೆ.

ಅವರ ಕತ್ತಿನಲ್ಲಿ ಗೋಲಿಯಷ್ಟು ಗಂಟು ಬಂತು. ನೋವಿಲ್ಲವೆಂದು ಸುಮ್ಮನಿದ್ದರು. ಕಂಕುಳಲ್ಲೂ ಬಂತು. ದೊಡ್ಡಾಸ್ಪತ್ರೆಯಲ್ಲಿ ಒಂದು ಗಂಟು ತೆಗೆದು ಪರೀಕ್ಷೆ ಮಾಡಿ ಲಿಂಫೋಮಾ ಎಂದರು. ಅದೂ ಕ್ಯಾನ್ಸರೇ. ಆರು ಸಲ ಕೀಮೋ ಡ್ರಿಪ್ ಹಾಕಿದರು, ಗಂಟು ಕರಗಿತು. ವರ್ಷ ತುಂಬುವುದರೊಳಗೆ ಮತ್ತೆ ಬಂತು. ಆಗ ಡಾಕ್ಟರು, ಇಲ್ಲೇ ಹೊಸ ಮಾತ್ರೆಯ ಸಂಶೋಧನೆ ನಡೆಯುತ್ತಿದೆ, ಸೇರುತ್ತೀರಾ ಎಂದು ಕೇಳಿದರು. ವಾಸಿಯಾಗುತ್ತದೆಂದು ಮಾತು ಕೊಡಲಾರೆ ಎಂದೂ ಹೇಳಿದರು. ನಮ್ಮವರಿಗೆ ಆ ಮಾತೇ ಹಿಡಿಸಿತು. ಸಹಿ ಹಾಕಿದರು.

ಮೊದಲ ದಿನ ಸಂಶೋಧನೆಯ ಸಿಸ್ಟರು ಅವರನ್ನು ತೂಕದ ಮೆಷಿನ್ ಮೇಲೆ ನಿಲ್ಲಿಸಿದರು. ಇವರು ಇಳಿದು, ತಮ್ಮ ಚೀಲದಿಂದ ಐದು ಕಿಲೋ ತೂಕದ ಬಟ್ಟು ತೆಗೆದು ಅದರ ಮೇಲಿಟ್ಟರು. ಆರು ತೋರಿಸಿತು.

"ಸಿಸ್ಟರ್, ನಿಮ್ಮ ಮೆಷಿನ್ನು ಸುಳ್ಳು ಹೇಳ್ತದೆ."

"ಆಸ್ಪತ್ರೆಗೂ ಬಟ್ಟು ಹೊತ್ಕೊಂಡು ಬರ್ತಾರಾ ಯಾರಾದ್ರೂ?" ಎಂದು ಸಿಸ್ಟರು ನಕ್ಕರು. ಮುಂದಿನ ವಾರ ಹೋದಾಗ ಮೆಷಿನ್ ಸರಿಯಾಗಿತ್ತು.

ಒಂದು ಡೈರಿ, ಒಂದು ಥರ್ಮಾಮೀಟರ್ ಕೊಟ್ಟರು. ಬೆಳಿಗ್ಗೆ ಸಂಜೆ ಜ್ವರ ನೋಡಿ ಬರೆಯಬೇಕು. ನೂರು ದಾಟಿದರೆ ಕೂಡಲೇ ಫೋನ್ ಮಾಡಬೇಕು. ತಪ್ಪು ಬರೆದರೆ ಅಳಿಸಬಾರದು, ಗೀಚಬಾರದು. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕಬೇಕು.

"ತಪ್ಪೂ ಕಾಣ್ಬೇಕು, ಸರಿಯೂ ಕಾಣ್ಬೇಕು," ಎಂದರು ಸಿಸ್ಟರು.

"ಇವರು ನಮ್ಮ ಕಸುಬಿನ ಜನ ಕಣೇ," ಎಂದು ಇವರು ನನ್ನ ಕಡೆ ತಿರುಗಿ ಹೇಳಿದರು.

ಹಳೆಯ ಡ್ರಿಪ್ಪುಗಳಿಂದ ಅವರ ಬೆರಳು ಜೋಮು ಹಿಡಿದಿದ್ದವು. ಪೆನ್ನು ನಿಲ್ಲುತ್ತಿರಲಿಲ್ಲ. ಬರೆಯುವ ಕೆಲಸ ನನಗೆ ಬಂತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಅಂಕಿ ಬರುತ್ತದೆ.

ಮೂರನೆಯ ತಿಂಗಳು ಒಂದು ಸಂಜೆ ನೂರು ದಾಟಿ ಎಂಟು ಪಾಯಿಂಟ್ ಬಂತು. ಹಿಂದೊಮ್ಮೆ ಜ್ವರಕ್ಕೆ ಆಸ್ಪತ್ರೆಗೆ ಸೇರಿಸಿದಾಗ ಹದಿನೇಳು ದಿನ ಇಟ್ಟುಕೊಂಡಿದ್ದರು. ಇನ್ನೊಂದು ಸಲ ಆ ಮಂಚಕ್ಕೆ ಹಾಕಬೇಡ ಕಣೇ ಎಂದು ಇವರು ನನ್ನ ಕೈ ಹಿಡಿದಿದ್ದರು. ಜ್ವರ ಬಂದವರನ್ನು ಸಂಶೋಧನೆಯಿಂದ ಕೈಬಿಡುತ್ತಾರೆ ಎಂದು ಹೊರಗಿನ ಬೆಂಚಿನಲ್ಲಿ ಯಾರೋ ಹೇಳಿದ್ದೂ ಕಿವಿಯಲ್ಲಿತ್ತು. ನಾನು ತೊಂಬತ್ತೊಂಬತ್ತು ಎಂದು ಬರೆದೆ.

"ಎಷ್ಟಿದೆಯೇ?"

"ತೊಂಬತ್ತೊಂಬತ್ತು."

"ಹೂಂ. ಥರ್ಮಾಮೀಟರ್ ಇಲ್ಲೇ ಇಟ್ಟು ಹೋಗು."

ಇಟ್ಟು ಅಡುಗೆಮನೆಗೆ ಹೋದೆ. ನಾಲ್ಕು ಸಂಜೆ ಹೀಗೇ ಆಯಿತು. ನಾಲ್ಕು ಸಲವೂ ತೊಂಬತ್ತೊಂಬತ್ತು ಬರೆದೆ. ನಡುವೆ ಮೂರನೆಯ ದಿನ ಬೆಳಿಗ್ಗೆ, ಅಕ್ಕಿ ಅಂಗಡಿಯ ತಕ್ಕಡಿ ನೋಡಿ ಬರುತ್ತೇನೆ ಎಂದು ಹೊರಟರು.

"ಇಕ್ಕಳ ಹಿಡಿಯೋಕೆ ಬೆರಳಿಲ್ಲ, ತಕ್ಕಡಿ ಏನು ನೋಡ್ತೀರಿ?"

"ಕಣ್ಣಿದೆಯಲ್ಲ."

ಆ ಸೆಕೆಯಲ್ಲಿ ತುಂಬುತೋಳಿನ ಅಂಗಿ ಹಾಕಿಕೊಂಡು ಹೋದರು. ಮಧ್ಯಾಹ್ನ ಬಂದು ಮಲಗಿದರು. ಐದನೆಯ ದಿನ ಜ್ವರ ಇಳಿಯಿತು. ಸದ್ಯ, ನನ್ನ ಅಂಕಿ ನಿಜವಾಯಿತು ಎಂದುಕೊಂಡೆ.

ಆರು ತಿಂಗಳು ಓಡಾಡಿಕೊಂಡಿದ್ದರು. ಆಮೇಲೆ ಗಂಟು ಒಳಗೆಲ್ಲ ಹಬ್ಬಿತು. ಹೋಗಿಬಿಟ್ಟರು.

ಹದಿಮೂರು ದಿನ ಕಳೆಯುವ ಮೊದಲೇ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ನಿಜ ಬರೆದಿದ್ದರೆ ಮಾತ್ರೆ ಬದಲಿಸುತ್ತಿದ್ದರೇನೋ. ಬದುಕುತ್ತಿದ್ದರೇನೋ. ಇಡೀ ಸಂಶೋಧನೆಯನ್ನೇ ಕೆಡಿಸಿದೆನೇನೋ. ಸಿಸ್ಟರು ಡೈರಿ ತಂದುಕೊಡಿ ಎಂದು ಫೋನ್ ಮಾಡುತ್ತಲೇ ಇದ್ದರು. ಸಿಕ್ಕಿಬಿದ್ದೆ ಎಂದುಕೊಂಡೆ. ಕಾಲುನೋವು ಎಂದೆ, ನೆಂಟರು ಬಂದಿದ್ದಾರೆ ಎಂದೆ. ಎಂಟು ತಿಂಗಳು ತಳ್ಳಿದೆ. ಕೊನೆಗೆ ನನ್ನ ಓರಗಿತ್ತಿ ಫೋನ್ ಎತ್ತಿ, ಸೋಮವಾರ ಬರ್ತೀವಿ ಎಂದುಬಿಟ್ಟಳು.

ಬಸ್ಸಿನಲ್ಲಿ ಅವಳಿಗೆ ಎಲ್ಲ ಹೇಳಿದೆ.

"ಇದನ್ನ ನುಂಗ್ಕೊಂಡು ಎಂಟು ತಿಂಗಳಿಂದ ಅನ್ನ ಬಿಟ್ಟು ಕೂತಿದ್ದೀಯಾ? ಹೇಳ್ಬಿಡಕ್ಕ. ಬೈದ್ರೆ ನಾನೂ ಪಕ್ಕದಲ್ಲಿ ನಿಂತು ಬೈಸ್ಕೋತೀನಿ. ನನಗೆ ರೂಢಿಯಿದೆ, ನಿನ್ನ ಮೈದುನನ ಜೊತೆ ಬಾಳ್ತಿಲ್ವಾ?"

ಮೂರನೆಯ ಮಹಡಿಯ ಕೊನೆಯ ಕೋಣೆ. ರೋಗಿಗಳ ರಕ್ತ ಇಟ್ಟಿರುವ ಎರಡು ಫ್ರಿಜ್ಜು ಗೊರ್ರೆನ್ನುತ್ತಿದ್ದವು. ಗೋಡೆ ತುಂಬ ನೀಲಿ ಫೈಲು, ಬೆನ್ನಿನ ಮೇಲೆ ಬರೀ ನಂಬರು. ಸಿಸ್ಟರು ಕುರ್ಚಿ ಎಳೆದರು. ನಾನು ಕೂರಲಿಲ್ಲ.

"ಸಿಸ್ಟರ್, ನಾನು ಸುಳ್ಳು ಬರೆದಿದ್ದೀನಿ. ನಾಲ್ಕು ಸಂಜೆ."

"ನಿಜ ಎಷ್ಟಿತ್ತು, ನೆನಪಿದೆಯಾ ಅಮ್ಮ?"

ಮರೆತಿದ್ದರೆ ತಾನೇ. "ನೂರು ಪಾಯಿಂಟ್ ಎಂಟು. ನೂರಾ ಒಂದು ಪಾಯಿಂಟ್ ಎರಡು. ನೂರಾ ಒಂದು ಪಾಯಿಂಟ್ ನಾಲ್ಕು. ನೂರು ಪಾಯಿಂಟ್ ಆರು."

ಸಿಸ್ಟರು ಒಂದು ಫೈಲು ತೆಗೆದು ನನ್ನ ಮುಂದಿಟ್ಟರು. ತಾರೀಕು, ಗಂಟೆ, ಪಕ್ಕದಲ್ಲಿ ಅಂಕಿ. ನಾಲ್ಕೂ ಇದ್ದವು. ಎರಡನೆಯದರಲ್ಲಿ ಮಾತ್ರ ಒಂದು ಪಾಯಿಂಟ್ ಕಡಿಮೆ.

"ನೀವು ಒಳಗೆ ಹೋದ ಮೇಲೆ ಇನ್ನೊಂದು ಕಂಕುಳಲ್ಲಿ ಇಟ್ಟು ನೋಡ್ತಿದ್ರಂತೆ. ನೋಡಿ ನನಗೆ ಫೋನ್ ಮಾಡ್ತಿದ್ರು. 'ನಮ್ಮನೆಯವಳು ಕಡಿಮೆ ತೂಗ್ತಾಳೆ ಸಿಸ್ಟರ್, ನೀವು ಸೇರಿಸ್ಕೊಳ್ಳಿ' ಅಂತ."

ನಾನು ಕೂತೆ.

ಮೂರನೆಯ ದಿನ ಅವರು ಹೋದದ್ದು ಅಕ್ಕಿ ಅಂಗಡಿಗಲ್ಲ. ಇಲ್ಲಿಗೆ. ಡಾಕ್ಟರು ರಕ್ತ ತೆಗೆದು ಪರೀಕ್ಷೆ ಮಾಡಿ, ಸೇರಿಸುವಷ್ಟು ಏನಿಲ್ಲ ಎಂದು ಜ್ವರಕ್ಕೆ ಮಾತ್ರೆ ಕೊಟ್ಟಿದ್ದರು. ಇವರು ಅದನ್ನು ರಿಪೇರಿ ಸಾಮಾನಿನ ಪೆಟ್ಟಿಗೆಯಲ್ಲಿ ಅಡಗಿಸಿಟ್ಟು ನುಂಗಿದ್ದರಂತೆ.

"ಅವರು ಹೋಗಿದ್ದಕ್ಕೂ ಆ ಜ್ವರಕ್ಕೂ ಸಂಬಂಧ ಇಲ್ಲಮ್ಮ. ಮಾಡಬೇಕಾದ್ದೆಲ್ಲ ಆ ವಾರವೇ ಮಾಡಿದ್ವಿ. ಸಂಶೋಧನೆಯೂ ಕೆಟ್ಟಿಲ್ಲ."

"ನನಗ್ಯಾಕೆ ಹೇಳ್ಲಿಲ್ಲ ಅವರು?"

"ನಾನೂ ಕೇಳ್ದೆ. 'ಹೆದರಿ ಬರೆದಿದ್ದಾಳೆ. ಗೊತ್ತಾಯ್ತು ಅಂದ್ರೆ ಪೆನ್ನೇ ಮುಟ್ಟಲ್ಲ' ಅಂದ್ರು. ಆದ್ರೆ ಫೈಲು ಒಂದು ಹೇಳ್ತಿದೆ, ಡೈರಿ ಒಂದು ಹೇಳ್ತಿದೆ. ಬರೆದವರೇ ತಿದ್ದಬೇಕು. ಅದಕ್ಕೇ ಅಷ್ಟು ಸಲ ಫೋನ್ ಮಾಡಿದ್ದು."

ಪೆನ್ನು ಕೊಟ್ಟರು. ನಾಲ್ಕು ತೊಂಬತ್ತೊಂಬತ್ತರ ಮೇಲೆ ಒಂದೊಂದೇ ಗೆರೆ ಎಳೆದೆ. ಪಕ್ಕದಲ್ಲಿ ನಿಜ ಬರೆದೆ. ನಾಲ್ಕು ಸಹಿ ಹಾಕಿದೆ. ಪಕ್ಕದಲ್ಲಿ ಓರಗಿತ್ತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

ಹೊರಡುವಾಗ ಅವಳು ಬಾಗಿಲ ಬಳಿಯ ಮೆಷಿನ್ ಹತ್ತಿದಳು.

"ಅಯ್ಯೋ ಅಕ್ಕ, ಇದು ಸುಳ್ಳು ಹೇಳ್ತಿದೆ ನೋಡು."

"ಇಲ್ಲ ಕಣೇ. ನಿನ್ನ ಭಾವ ಸರಿ ಮಾಡಿಸಿದ್ದಾರೆ."

ಮನೆಗೆ ಬಂದು ಸಾಮಾನಿನ ಪೆಟ್ಟಿಗೆ ತೆಗೆದೆ. ಬಟ್ಟುಗಳ ಕೆಳಗೆ ಮಾತ್ರೆಯ ಖಾಲಿ ಸ್ಟ್ರಿಪ್ಪು ಇತ್ತು. ಗೊತ್ತಿದ್ದೂ ಹೇಳದೆ ಹೋದರಲ್ಲ ಎಂದು ಸಿಟ್ಟು ಬಂತು. ಚೆನ್ನಾಗಿ ಬೈದೆ. ಆಮೇಲೆ ಹಸಿವಾಯಿತು. ಎರಡು ಸಲ ಅನ್ನ ಬಡಿಸಿಕೊಂಡು ಉಂಡೆ.