ಒಂಬತ್ತನೇ ಗ್ರೀನಿಗೆ ದೃಷ್ಟಿ ತೆಗೆದವರು

ಮೊನ್ನೆ ಆಯುಧಪೂಜೆಯ ಬೆಳಿಗ್ಗೆ ಎದುರುಮನೆಯವರು ಹೊಸ ಸ್ಕೂಟರಿಗೆ ದೃಷ್ಟಿ ತೆಗೆಯುತ್ತಿದ್ದರು. ಹೊಸ ತಿಪ್ಪಸಂದ್ರದ ನಮ್ಮ ಬೀದಿಯಲ್ಲಿ ಅಂದು ಬಾಳೆಕಂದು ಕಟ್ಟಿಸಿಕೊಳ್ಳದ ವಾಹನವೇ ಇರಲಿಲ್ಲ. ಆ ಮನೆಯ ಅಜ್ಜಿ ಕಲ್ಲುಪ್ಪು, ಒಣಮೆಣಸಿನಕಾಯಿಯನ್ನು ಮುಷ್ಟಿಯಲ್ಲಿ ಹಿಡಿದು ಸ್ಕೂಟರಿಗೆ ನಿವಾಳಿಸಿ ಕೆಂಡಕ್ಕೆ ಹಾಕಿದರು. ಉಪ್ಪು ಚಟಪಟ ಸಿಡಿಯಿತು. ಹಿಂದೆಯೇ ಘಾಟು ಎದ್ದು, ಅಜ್ಜಿಯಿಂದ ಹಿಡಿದು ಪೇಪರ್ ಹಾಕುವವನವರೆಗೆ ಎಲ್ಲರೂ ಸೀನಿದರು. "ಘಾಟು ಬಂತಲ್ಲ, ಯಾರ ಕಣ್ಣೂ ಬಿದ್ದಿಲ್ಲ ಬಿಡು," ಎಂದು ಅಜ್ಜಿ ನೆಮ್ಮದಿಯಿಂದ ಮೂಗೊರೆಸಿಕೊಂಡರು. ದೃಷ್ಟಿಯಾಗಿದ್ದರೆ ಎಷ್ಟು ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಬಾಲ್ಕನಿಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ನಾನು ಕೆಮ್ಮುತ್ತಲೇ ನಗತೊಡಗಿದೆ... ಉಪ್ಪು ಸಿಡಿಯುವ ಆ ಸದ್ದು ಕೇಳಿದರೆ ನನಗೆ ನೆನಪಾಗುವುದು ಗಾಲ್ಫ್ ಮೈದಾನ, ಅಲ್ಲಿನ ನಮ್ಮ ಮೇಸ್ತ್ರಿಯಕ್ಕ.

ತೋಟಗಾರಿಕೆ ಓದಿ ಮುಗಿಸಿದ ನಾನು ಹಲಸೂರಿನಾಚೆಯ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದೆ. ಕಾರ್ಖಾನೆ ನೌಕರಿಯ ನಮ್ಮ ಅಪ್ಪನಿಗೆ ಇದು ಎಂಥ ಕೆಲಸ ಎಂದು ಕೊನೆಯವರೆಗೂ ಅರ್ಥವಾಗಲಿಲ್ಲ. "ಹುಲ್ಲು ಬೆಳೆಸ್ತೀಯ, ಆಮೇಲೆ ಕತ್ತರಿಸ್ತೀಯ, ಹಸುನಾದ್ರೂ ಇದ್ಯಾ?" ಎಂದು ಕೇಳುತ್ತಿದ್ದರು. ಹಸು ಇರಲಿಲ್ಲ. ಚೆಂಡು ಬೀಳುವ ಕುಳಿಯ ಸುತ್ತ ಜಮಖಾನೆ ಹಾಸಿದಂಥ ಹುಲ್ಲಿರುತ್ತದೆ, ಅದಕ್ಕೆ ಗ್ರೀನ್ ಎನ್ನುತ್ತಾರೆ. ಅದರಲ್ಲಿ ಒಂದೇ ಒಂದು ಬೇರೆ ಜಾತಿಯ ಎಳೆ ಕಂಡರೂ ಆಡುವವರ ಮುಖ ಕೆಡುತ್ತದೆ. ಆ ಎಳೆಯನ್ನು ಕೀಳಲು ಮರ್ಫಿ ಟೌನಿನಿಂದ ದಿನಾ ಬೆಳಿಗ್ಗೆ ಹೆಂಗಸರ ಒಂದು ಗುಂಪು ಬರುತ್ತಿತ್ತು. ಸೀರೆಯ ಮೇಲೆ ಗಂಡಸರ ಹಳೆಯ ಷರಟು, ತಲೆಗೆ ಟವೆಲ್, ಕೈಯಲ್ಲಿ ಸಣ್ಣ ಚಾಕು. ಮೇಸ್ತ್ರಿಯಕ್ಕ ಆ ಗುಂಪಿನ ಯಜಮಾನಿ.

ದಪ್ಪನೆಯ ಹೆಂಗಸು, ಜೋರು ಗಂಟಲು. ಕನ್ನಡ ಶುರುಮಾಡಿ ತಮಿಳಿನಲ್ಲಿ ಮುಗಿಸುತ್ತಿದ್ದರು, ಬೈಯುವುದು ಮಾತ್ರ ಎರಡರಲ್ಲೂ. ನನ್ನನ್ನು ಮೇಡಂ ಎನ್ನಬೇಕೋ ಅಮ್ಮ ಎನ್ನಬೇಕೋ ತಿಳಿಯದೆ ಎರಡನ್ನೂ ಸೇರಿಸಿ "ಮೇಡಮ್ಮ" ಮಾಡಿಕೊಂಡರು. ಗ್ರೀನುಗಳೆಲ್ಲ ಅವರಿಗೆ ಹೆಣ್ಣುಮಕ್ಕಳು. ಮಳೆ ಬಿಡುವು ಕೊಟ್ಟಾಗ ಹುಲ್ಲಿನ ಬೇರಿಗೆ ಗಾಳಿಯಾಡಲೆಂದು ನೆಲಕ್ಕೆ ಸಣ್ಣ ಸಣ್ಣ ತೂತು ಹೊಡೆಯುತ್ತೇವೆ. ಅದು ಕಿವಿ ಚುಚ್ಚುವ ಶಾಸ್ತ್ರ. ಆಮೇಲೆ ಜರಡಿ ಹಿಡಿದ ಮರಳು ಎರಚಿ ಗೋಣಿತಾಟಿನಿಂದ ಎಳೆಯುತ್ತೇವೆ; ಅದು ಪೌಡರ್ ಹಾಕುವುದು. ಬೆಳಗಿನ ಇಬ್ಬನಿ ನಿಂತರೆ ಹುಲ್ಲಿಗೆ ಬೂಷ್ಟು ಹಿಡಿಯುತ್ತದೆಂದು ಉದ್ದನೆಯ ಬಿದಿರ ಗಳುವಿನಿಂದ ಇಬ್ಬನಿ ಕೊಡವುತ್ತೇವೆ; ಅದಕ್ಕೆ ಅವರು "ಮುಖ ತೊಳೆಸೋದು" ಎನ್ನುತ್ತಿದ್ದರು. ಸೇರಿದ ಹೊಸದರಲ್ಲಿ ನನಗೆ ಇದೆಲ್ಲ ಅತಿಯಾಯಿತು ಅನ್ನಿಸುತ್ತಿತ್ತು. ವರ್ಷ ತಿರುಗುವುದರೊಳಗೆ ನಾನೇ ಮೇಲಿನವರಿಗೆ ಕೊಡುವ ವರದಿಯಲ್ಲಿ ಕಿವಿ ಚುಚ್ಚಿದ್ದೇವೆ ಎಂದು ಬರೆದು, ಆಮೇಲೆ ಹೊಡೆದುಹಾಕಿದ್ದೆ.

ಅವರು ಕೆಲಸ ಮಾಡಿಸುವ ರೀತಿಯೇ ಬೇರೆ. ಹೆಂಗಸರೆಲ್ಲ ಗ್ರೀನಿನ ಒಂದು ಅಂಚಿನಲ್ಲಿ ಸಾಲಾಗಿ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದರು. ನಡುವೆ ಕೂತ ಮೇಸ್ತ್ರಿಯಕ್ಕ ಕಥೆ ಶುರು ಮಾಡುತ್ತಿದ್ದರು. ಟೀವಿಯಲ್ಲಿ ನೋಡಿದ್ದೋ, ಬೀದಿಯಲ್ಲಿ ನಡೆದದ್ದೋ, ಹೆಚ್ಚಿನ ಪಾಲು ಅಲ್ಲೇ ಕಟ್ಟಿದ್ದು. ಮುಂದೆ ಓಡಿದವರಿಗೆ ಕಥೆ ಕೇಳಿಸದು, ಹಿಂದೆ ಉಳಿದವರಿಗೂ ಕೇಳಿಸದು. ಹಾಗಾಗಿ ಸಾಲು ಒಡೆಯುತ್ತಿರಲಿಲ್ಲ, ಕೊನ್ನಾರಿ ಹುಲ್ಲಿನ ಒಂದು ಗಡ್ಡೆಯೂ ನೆಲದಲ್ಲಿ ಉಳಿಯುತ್ತಿರಲಿಲ್ಲ. ಕಥೆಯ ಕೊನೆ ಹೇಳುತ್ತಿದ್ದದ್ದು ಸಾಲು ಎದುರಿನ ಅಂಚು ಮುಟ್ಟಿದ ಮೇಲೆಯೇ. ಮುಟ್ಟದಿದ್ದರೆ ನಾಳೆಗೆ. ಎಷ್ಟೋ ಸಲ ನಾನೂ ಕೊಡೆ ಹಿಡಿದು ಉಸ್ತುವಾರಿಯ ನೆಪದಲ್ಲಿ ಅಲ್ಲೇ ಸುಳಿದಾಡಿದ್ದೇನೆ. ಒಮ್ಮೆ ಒಬ್ಬ ಸೊಸೆ ಅತ್ತೆಯ ಬಳೆ ಕದ್ದಳೋ ಇಲ್ಲವೋ ಎಂದು ತಿಳಿಯಲು ಊಟ ಬಿಟ್ಟು ನಿಂತಿದ್ದೆ.

ಆ ವರ್ಷ ಕ್ಲಬ್ಬಿಗೆ ಹೊಸ ಕಮಿಟಿ ಬಂತು. ಕಳೆಗೆ ಔಷಧಿ ಹೊಡೆದರೆ ಆಯಿತು, ಇಷ್ಟು ಹೆಂಗಸರು ಯಾಕೆ ಎಂದು ಯಾರೋ ಮಾತು ತೆಗೆದರು. ಕ್ಲಬ್ಬಿನ ಕ್ಯಾಪ್ಟನ್ ಆಗಿದ್ದವರು ನಿವೃತ್ತ ಕರ್ನಲ್ ಸಾಹೇಬರು, ಅಳೆದು ತೂಗಿ ಮಾತಾಡುವವರು. ಅವರು ಒಂದು ದಾರಿ ಹುಡುಕಿದರು. ಆ ಮಳೆಗಾಲ ಉಳಿದೆಲ್ಲ ಕಡೆ ಔಷಧಿ. ಕ್ಲಬ್ ಹೌಸಿನ ಎದುರಿಗೇ ಇರುವ ಒಂಬತ್ತನೇ ಗ್ರೀನ್ ಮಾತ್ರ ಹೆಂಗಸರ ಕೈಗೆ. ದಸರಾ ಕಳೆದು ನಡೆಯುವ ಪಂದ್ಯದ ದಿನ ಅದು ಬೇರೆಯವಕ್ಕಿಂತ ಕಡಿಮೆಯಿಲ್ಲದಂತೆ ನಿಂತರೆ ಗುಂಪು ಉಳಿಯುತ್ತದೆ, ಇಲ್ಲದಿದ್ದರೆ ದೀಪಾವಳಿಯಿಂದ ಬರುವುದು ಬೇಡ. ಇದನ್ನು ಹೇಳಲು ನನ್ನನ್ನೇ ಕಳಿಸಿದರು. ಮೇಸ್ತ್ರಿಯಕ್ಕ ಎಲೆ ಅಡಿಕೆ ಅಗಿಯುತ್ತ ಕೇಳಿಸಿಕೊಂಡು, "ಒಂದೇ ಮಗಳಾ? ಸರಿ ಮೇಡಮ್ಮ. ಹಂಗಾದ್ರೆ ಇವಳ್ನ ರಾಣಿ ಥರ ಸಾಕಣ," ಎಂದರು.

ಆ ಮಳೆಗಾಲದಷ್ಟು ಖುಷಿಯ ಮಳೆಗಾಲವನ್ನು ನಾನು ಮತ್ತೆ ಕಾಣಲಿಲ್ಲ. ಸೋನೆ ಹಿಡಿದರೂ ಪ್ಲಾಸ್ಟಿಕ್ ಚೀಲ ತಲೆಗೆ ಕಟ್ಟಿಕೊಂಡು ಸಾಲು ಕೂರುತ್ತಿತ್ತು. ಎರೆಹುಳು ಎಬ್ಬಿಸಿದ ಮಣ್ಣನ್ನು ಒಬ್ಬಾಕೆ ಪೊರಕೆಯಿಂದ ಮೆಲ್ಲಗೆ ಚದುರಿಸುವಳು, ಇನ್ನೊಬ್ಬಾಕೆ ಮಳೆಮರದಿಂದ ಉದುರಿದ ಎಲೆ ಆರಿಸುವಳು. ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದವರು ಶಿವಾಜಿನಗರದ ಒಬ್ಬ ಭಾಯ್. ಒಂಬತ್ತನೆಯದಕ್ಕೆ ಬಂದರೆ ಅವರೂ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಯಂತ್ರ ಹಿಡಿಯತೊಡಗಿದರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಮರಳು ಹಾಕಿದ ದಿನ ಎಲ್ಲರೂ ಮರದಡಿ ಕೂತು ಚಿತ್ರಾನ್ನ, ಕರಿಮೀನು, ಭಾಯ್ ಮನೆಯ ಖೀಮಾ ಹಂಚಿಕೊಂಡು ತಿಂದರು. ನನಗೆ ಪ್ರತ್ಯೇಕವಾಗಿ ಮೊಸರನ್ನ. "ಮೇಡಮ್ಮ ನಮ್ ಗ್ರೀನ್ ಥರ, ಬರೀ ನೀರು ಮರಳು ಸಾಕು," ಎಂದು ಮೇಸ್ತ್ರಿಯಕ್ಕ ನನ್ನನ್ನು ಹಾಸ್ಯ ಮಾಡಿದರು.

ಮಹಾಲಯ ಕಳೆಯುವ ಹೊತ್ತಿಗೆ ಒಂಬತ್ತನೇ ಗ್ರೀನ್ ಹೇಗಾಯಿತೆಂದರೆ, ಆಡದವರೂ ವರಾಂಡದಲ್ಲಿ ಕೂತು ಅದನ್ನೇ ನೋಡುತ್ತಿದ್ದರು. ಕಾಫಿ ತರುವವನೂ ಒಂದು ಗಳಿಗೆ ನಿಂತು ನೋಡಿ ಹೋಗುವನು. ನನಗೆ ಇದು ಹೆಮ್ಮೆ, ಮೇಸ್ತ್ರಿಯಕ್ಕನಿಗೆ ಆತಂಕ. "ಎಲ್ರ ಕಣ್ಣೂ ಇವಳ ಮ್ಯಾಲೇ ಐತೆ," ಎನ್ನುತ್ತ ನೆಟಿಗೆ ಮುರಿಯುತ್ತಿದ್ದರು. ನಾನು ನಕ್ಕುಬಿಟ್ಟೆ.

ಆಯುಧಪೂಜೆಯ ಸಂಜೆ ಯಂತ್ರಗಳಿಗೆಲ್ಲ ಹೂ ಹಾಕಿ, ಕುಂಬಳಕಾಯಿ ಒಡೆದು, ಪುರಿ ಹಂಚಿ ನಾನು ಮನೆಗೆ ಹೊರಟೆ. ಅದಾದ ಮೇಲೆ ಹೆಂಗಸರು ತಮ್ಮ ಕೆಲಸ ಮಾಡಿದರು. ಮೇಸ್ತ್ರಿಯಕ್ಕನ ಮನೆಯಲ್ಲಿ ಒಂದು ಪದ್ಧತಿ: ಮಗುವಿಗೆ ದೃಷ್ಟಿಯಾದರೆ ಉಪ್ಪನ್ನು ನಿವಾಳಿಸಿ, ಇಡೀ ರಾತ್ರಿ ಮಗುವಿನ ತಲೆದೆಸೆಯಲ್ಲಿ ಮೊರದಲ್ಲಿಟ್ಟು, ಬೆಳಿಗ್ಗೆ ಹರಿಯುವ ನೀರಿಗೆ ಬಿಡುವುದು. ಮಗುವಿಗಾದರೆ ಒಂದು ಹಿಡಿ ಉಪ್ಪು. ಇಷ್ಟು ದೊಡ್ಡ ಮಗಳಿಗೆ? ಒಬ್ಬೊಬ್ಬರೂ ಮನೆಯಿಂದ ಪಾವು, ಅಚ್ಚೇರು ಕಲ್ಲುಪ್ಪು ತಂದಿದ್ದರು. ಗ್ರೀನನ್ನು ಸುತ್ತು ಬಂದು, ಎಲ್ಲವನ್ನೂ ದೊಡ್ಡ ಬಿದಿರು ಮೊರಕ್ಕೆ ಸುರಿದು, ಕುಳಿಯ ಪಕ್ಕದಲ್ಲೇ ಇಟ್ಟು ಹೋದರು. ಆ ರಾತ್ರಿ ಮಳೆ ಬಂತು. ಮರುದಿನ ವಿಜಯದಶಮಿ, ರಜೆ. ಅದರ ಮರುದಿನ ಬಂದು ನೋಡಿದರೆ ಮೊರ ಖಾಲಿ! ಉಪ್ಪು ಕರಗಿದ ಹಾಗೆ ದೃಷ್ಟಿಯೂ ಕರಗಿತೆಂದು ಎಲ್ಲರೂ ಕುಣಿದಾಡಿ, ಭಾಯ್‌ಗೂ ಬಾಯಿಗೆ ಸಕ್ಕರೆ ಹಾಕಿದರಂತೆ.

ವಾರ ಕಳೆಯುವುದರೊಳಗೆ ಕುಳಿಯ ಪಕ್ಕ ಮೊರದಷ್ಟು ಅಗಲಕ್ಕೆ ಹುಲ್ಲು ಸುಟ್ಟು ಕಂದಿತು.

ನಾನು ಬೂಷ್ಟು ಎಂದುಕೊಂಡೆ, ಹುಳ ಎಂದುಕೊಂಡೆ. ಮಣ್ಣನ್ನು ಬೆರಳಲ್ಲಿ ಹಿಸುಕಿ ನೋಡುತ್ತ ಕೂತಿದ್ದೆ. ಪಂದ್ಯ ಹತ್ತಿರ ಬಂದಿತ್ತು, ನನಗೆ ಅಳು ಬರುವುದೊಂದು ಬಾಕಿ. ಮೇಸ್ತ್ರಿಯಕ್ಕ ಬಂದು ಪಕ್ಕದಲ್ಲಿ ಕುಕ್ಕರಿಸಿದರು. ಆ ಜೋರು ಗಂಟಲು ಎಲ್ಲಿ ಹೋಗಿತ್ತೋ.

"ಹುಳ ಅಲ್ಲ ಮೇಡಮ್ಮ. ನಾನೇ... ಉಪ್ಪು ತಿನ್ಸಿಬಿಟ್ಟೆ."

ಮೊರದ ಕಥೆಯನ್ನು ಪೂರ್ತಿ ಹೇಳಿದರು. ಹೇಳಿ ಮುಗಿಸಿ, "ಇವ್ರದ್ದೆಲ್ಲ ಕೆಲಸ ಹೋಗತ್ತೆ, ನನ್ನಿಂದ," ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡರು. ಬೈಯಬೇಕೆಂದೇ ಬಾಯಿ ತೆರೆದೆ, ಆದರೆ ಸಕ್ಕರೆ ಹಂಚಿದ್ದು ನೆನಪಾಗಿ ನಗು ಬಂದುಬಿಟ್ಟಿತು. ತಡೆದಷ್ಟೂ ಜಾಸ್ತಿಯಾಯಿತು. ಅವರು ಸೆರಗಿನ ಸಂದಿಯಿಂದ ನನ್ನನ್ನೇ ನೋಡಿದರು, ತಾವೂ ಶುರುಮಾಡಿದರು. ಸತ್ತ ಹುಲ್ಲಿನ ಎದುರು ಕೂತು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಕ್ಕ ಮೇಲೆ ತಲೆ ಓಡಿತು. ಉಪ್ಪು ಇಳಿದ ಮಣ್ಣನ್ನು ತೆಗೆದು ಹೊಸ ಮರಳು ತುಂಬಬೇಕು, ನರ್ಸರಿಯಿಂದ ಹುಲ್ಲಿನ ಹೆಂಟೆ ತಂದು ಕೂರಿಸಬೇಕು ಎಂದೆ. ಯಂತ್ರ ನಿಲ್ಲಿಸಿ ಬಂದ ಭಾಯ್ ತಲೆಯಾಡಿಸಿದರು. ಅವರ ಅಪ್ಪ ಶಿವಾಜಿನಗರದಲ್ಲಿ ರಫೂ ಮಾಡುತ್ತಿದ್ದವರು, ಸೂಟು ಶಾಲುಗಳ ಹರಕಲನ್ನು ಕಾಣದಂತೆ ನೇಯುವ ಕೆಲಸ. "ಬೇರೆ ದಾರ ನಕ್ಕೋ ಮೇಡಂ, ಬಿಸಿಲಲ್ಲಿ ಬಣ್ಣ ಗೊತ್ತಾಗ್ತದೆ. ಅಬ್ಬಾ ಯಾವಾಗ್ಲೂ ಅದೇ ಬಟ್ಟೆ ಒಳಗಿನ ಹೊಲಿಗೆಯಿಂದ ದಾರ ತೆಗೀತಿದ್ರು," ಎಂದರು. ಸರಿ ಎನ್ನಿಸಿತು. ಒಂಬತ್ತನೆಯದರದ್ದೇ ಹಿಂಬದಿಯ ಅಂಚಿನಲ್ಲಿ, ಮರದ ನೆರಳಿನಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಕುಳಿ ಕೊರೆಯುವ ಕೊಳವೆಯಿಂದಲೇ ದುಂಡನೆಯ ಹೆಂಟೆಗಳನ್ನು ತೆಗೆದೆವು. ಹೆಂಗಸರು ಅವನ್ನು ಬೇರು ಅಲುಗದಂತೆ ಬೋಗುಣಿಯಲ್ಲಿ ಹೊತ್ತು ತಂದು, ಒಂದರ ಪಕ್ಕ ಒಂದು ಕೂರಿಸಿ, ಸಂದಿಗೆ ಬೆರಳಿನಿಂದ ಮರಳು ತುಂಬಿದರು.

ಅರ್ಧ ಕೆಲಸವಾದಾಗ ಸಾಲಿನ ಒಬ್ಬಾಕೆ, "ಅಕ್ಕ, ಕಥೆ ಹೇಳು," ಎಂದಳು. ಮೇಸ್ತ್ರಿಯಕ್ಕ, "ಒಂದೂರಲ್ಲಿ ಒಬ್ಬ ಪೆದ್ದಿ ಇದ್ಳು, ಅವಳಿಗೊಬ್ಬ ರಾಜಕುಮಾರಿ ಮಗಳು," ಎಂದು ಶುರುಮಾಡಿದರು. ಆ ಕಥೆಯಲ್ಲಿ ಪೆದ್ದಿ ಪಟ್ಟ ಪಾಡನ್ನು ಕೇಳಿ ಭಾಯ್ ನೆಲಕ್ಕೆ ಕೂತು ನಕ್ಕರು. ಆದರೆ ಕೆಲಸ ತೇಪೆಯ ಅಂಚು ಮುಟ್ಟಿದಾಗಲೂ ಮೇಸ್ತ್ರಿಯಕ್ಕ ಕೊನೆ ಹೇಳಲಿಲ್ಲ. "ಅದು ಪಂದ್ಯ ಆದ್ಮೇಲೆ," ಎಂದರು.

ಪಂದ್ಯದ ಬೆಳಿಗ್ಗೆ ಹೆಂಗಸರೆಲ್ಲ ಮಳೆಮರದ ಹಿಂದೆ ನಿಂತಿದ್ದರು. ತೇಪೆ ಹಾಕಿದ್ದು ನಮಗೆ ಗೊತ್ತಿದ್ದರಿಂದ ನಮಗೆ ಅದು ಎದ್ದೆದ್ದು ಕಾಣುತ್ತಿತ್ತು. ಕರ್ನಲ್ ಸಾಹೇಬರು ಗ್ರೀನ್ ಮೇಲೆ ನಿಧಾನವಾಗಿ ಓಡಾಡಿದರು, ಕುಳಿಯ ಹತ್ತಿರ ಬಗ್ಗಿ ಅಂಗೈಯಿಂದ ಸವರಿದರು. ಬಳಿಕ ಚೆಂಡನ್ನು ಸರಿಯಾಗಿ ತೇಪೆಯ ಆಚೆಗೇ ಇಟ್ಟು ಹೊಡೆದರು. ಚೆಂಡು ಎಲ್ಲೂ ತಡವರಿಸದೆ ತೇಪೆ ದಾಟಿ, ಕುಳಿಯ ಅಂಚಿಗೆ ಬಂದು, ಒಂದು ಕ್ಷಣ ಯೋಚಿಸಿ, ಒಳಗೆ ಬಿತ್ತು. ಅವರು ಮರದ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಕೂಗಿದರು:

"ಏನಮ್ಮಾ ಮೇಸ್ತ್ರಿ, ಉಪ್ಪು ಸರಿಯಾಗಿದ್ಯಾ?"

ನಮ್ಮ ಗುಟ್ಟು ಕ್ಲಬ್ಬಿಗೆಲ್ಲ ಗೊತ್ತಾಗಿತ್ತು! ರಜೆಯ ದಿನವೆಲ್ಲ ಮೊರ ವರಾಂಡದ ಎದುರಿಗೇ ಇತ್ತಲ್ಲ. ಮೇಸ್ತ್ರಿಯಕ್ಕ ಮರದ ಮರೆಯಿಂದ ಈಚೆ ಬಂದು ಸೊಂಟಕ್ಕೆ ಕೈಯಿಟ್ಟು, "ಈಗ ಸರಿಯಾಗೈತೆ ಸಾರ್, ರುಚಿ ನೋಡಿದ್ರಲ್ಲ!" ಎಂದರು. ವರಾಂಡದಲ್ಲಿದ್ದವರೆಲ್ಲ ಘೊಳ್ಳೆಂದರು. ದೀಪಾವಳಿ ಕಳೆದ ಮೇಲೂ ಗುಂಪು ಬಂತು, ಮುಂದಿನ ವರ್ಷವೂ ಬಂತು. ಎಲ್ಲ ಗ್ರೀನುಗಳೂ ಮತ್ತೆ ಅವರ ಕೈಗೆ ಬಂದವು.

ಮೇಸ್ತ್ರಿಯಕ್ಕ ಈ ಬೇಸಿಗೆಯಲ್ಲಿ ತೀರಿಕೊಂಡರು. ಸಾಯುವ ಹಿಂದಿನ ದಿನವೂ ನಾಲ್ಕನೇ ಗ್ರೀನಿನಲ್ಲಿ ಸಾಲಿನ ನಡುವೆ ಕೂತು ಇಬ್ಬರು ಅಕ್ಕತಂಗಿಯರ ಕಥೆ ಹೇಳುತ್ತಿದ್ದರು. ಬಿಸಿಲು ಜೋರಾಗಿ ಸಾಲು ಅಂಚು ಮುಟ್ಟಲಿಲ್ಲ... ಆ ಅಕ್ಕತಂಗಿಯರು ಒಂದಾದರೋ ಇಲ್ಲವೋ ನಮಗೆ ಯಾರಿಗೂ ತಿಳಿಯದು. ಮರ್ಫಿ ಟೌನಿನ ಅವರ ಮನೆಯ ಮುಂದೆ ನಿಂತಾಗಲೂ ಹೆಂಗಸರು ಅದನ್ನೇ ಹೇಳಿಕೊಂಡು ಅತ್ತರು.

ಮೊನ್ನೆ ಮಧ್ಯಾಹ್ನ ಕ್ಲಬ್ಬಿನಲ್ಲಿ ಯಂತ್ರಗಳ ಪೂಜೆ ಮುಗಿಯಿತು. ಈಗ ಮೈದಾನದ ಹೊಣೆಯೆಲ್ಲ ನನ್ನದು, ಒಂಬತ್ತನೆಯದಕ್ಕೆ ದೃಷ್ಟಿ ತೆಗೆಯುವುದೂ ನನ್ನದೇ ಎಂದು ಹೆಂಗಸರು ತೀರ್ಮಾನ ಮಾಡಿದ್ದರು. ಮುಚ್ಚಳ ಬಿಗಿಯಾಗಿ ಕೂರುವ ಸ್ಟೀಲ್ ಡಬ್ಬಿಯಲ್ಲಿ ಉಪ್ಪು, ಮೆಣಸಿನಕಾಯಿ ತಂದುಕೊಟ್ಟರು. ಉಪ್ಪು ಕರಗಿದ ಆ ವರ್ಷದಿಂದ ನಮ್ಮಲ್ಲಿ ಅದೇ ಕಟ್ಟಳೆ. ಗ್ರೀನನ್ನು ಸುತ್ತಿ ಬಂದು, ಒಂದು ಕಾಳೂ ಚೆಲ್ಲದಂತೆ ಡಬ್ಬಿಯನ್ನು ಶೆಡ್ಡಿನ ಹಿಂದಕ್ಕೆ ಒಯ್ದು ಕೆಂಡದ ಮೇಲೆ ಸುರಿದೆ. ಉಪ್ಪು ಸಿಡಿಯಿತು, ಮೆಣಸಿನಕಾಯಿ ಕಪ್ಪಾಯಿತು. ಎಲ್ಲರೂ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಾದೆವು. ಒಂದು ಚೂರೂ ಘಾಟು ಬರಲಿಲ್ಲ.

"ನೋಡಿ ಮೇಡಮ್ಮ, ಇನ್ನೂ ಎಲ್ರ ಕಣ್ಣೂ ಅಕ್ಕನ ಮಗಳ ಮ್ಯಾಲೇ," ಎಂದು ಒಬ್ಬಾಕೆ ನಕ್ಕಳು. ನಾನೂ ನಕ್ಕೆ. ಘಾಟಿಲ್ಲದ ಆ ಹೊಗೆಯೆದುರು ನಿಂತು ಎಲ್ಲರೂ ಕಣ್ಣೊರೆಸಿಕೊಂಡೆವು.