ಮಲವಗೊಪ್ಪದ ತಿರುವಿನಲ್ಲಿ ಒಡೆದ ಬೂದುಗುಂಬಳ

ಗಿರಿಜಾ, ಆ ಆಯುಧಪೂಜೆಯ ಸಂಜೆ ಮಹಾದೇವಪ್ಪನವರು ಫಟ್‌ಫಟಿಯನ್ನು ಜೋರಾಗಿ ಓಡಿಸಿ ಬೀಳಲಿಲ್ಲ. ನಾನು ರಸ್ತೆಯ ನಡುವೆ ಒಡೆದು, ಚೂರು ಎತ್ತಿ ಹಾಕದೆ ಬಿಟ್ಟಿದ್ದ ಬೂದುಗುಂಬಳಕಾಯಿಯ ಮೇಲೆ ಜಾರಿ ಬಿದ್ದರು. ಅವರ ವೇಗವನ್ನು ಕಣ್ಣಾರೆ ಕಂಡೆ ಎಂದು ಊರಿಗೆಲ್ಲ ಹೇಳಿದೆನಲ್ಲ — ಅದು ಸುಳ್ಳು. ನಾನು ಏನನ್ನೂ ಕಂಡಿರಲಿಲ್ಲ. ಆ ಸುಳ್ಳಿನಿಂದಲೇ ಅವರೊಡನೆ ಆಗಬೇಕಿದ್ದ ನಿನ್ನ ಮದುವೆ ಮುರಿದುಹೋಯಿತು.

ಇದನ್ನು ನಿನ್ನೆದುರು ಕೂತು ಹೇಳಬಹುದಿತ್ತು. ಆದರೆ ನನ್ನ ಬಾಯಿ ಎಂಥದೆಂದು ನಿನಗೆ ಗೊತ್ತು. ಮಾತಿಗೆ ಕೂತರೆ ಗೆದ್ದೇ ಏಳುವವನು ನಾನು. ಪೋಲೀಸಿನವರ ಹತ್ತಿರ, ಪೆಟ್ರೋಲಿನವರ ಹತ್ತಿರ, ಬೀಗರ ಹತ್ತಿರ — ಎಲ್ಲಿಯೂ ಸೋತು ಬಂದವನಲ್ಲ. ಯುದ್ಧದ ಕಾಲದಲ್ಲಿ ಇದ್ದಿಲಿನ ಹೊಗೆಯ ಮೇಲೆ ಬಸ್ಸು ಓಡಿಸಿ, ಅದೇ ಆರೋಗ್ಯಕ್ಕೆ ಒಳ್ಳೆಯದೆಂದು ಪ್ಯಾಸೆಂಜರುಗಳನ್ನು ಒಪ್ಪಿಸಿದ ಗಿರಾಕಿ. ನಿನ್ನೆದುರು ಬಾಯಿ ತೆರೆದರೆ ತಪ್ಪನ್ನೆಲ್ಲ ಕುಂಬಳಕಾಯಿಯ ತಲೆಗೆ ಕಟ್ಟಿ, ನಿನ್ನ ಕೈಯಿಂದಲೇ ಕಾಫಿ ಕುಡಿದು ಬಂದುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆದ ಮಾತು ಎದುರಿಗಿದ್ದವರ ಮುಖ ನೋಡಿ ಬಣ್ಣ ಬದಲಾಯಿಸುವುದಿಲ್ಲ.

ಹೋದ ತಿಂಗಳು ಕುಂಸಿಯಲ್ಲಿ ನಿಮ್ಮ ಮನೆಗೆ ಬಂದಾಗ ನಿನ್ನ ಮಗ ಸೋಮು ಮೋಟಾರ್ ಸೈಕಲ್ ಬೇಕೆಂದು ಹಟ ಹಿಡಿದಿದ್ದ. ನೀನು ಒಲೆಯ ಮುಂದಿನಿಂದ ಎದ್ದು ಬಂದು ಹೇಳಿದ ಮಾತು ನನ್ನ ಕಿವಿಯಲ್ಲಿ ಹಾಗೇ ಇದೆ.

"ಭದ್ರಾವತಿ ಮಹಾದೇವಪ್ಪನವ್ರು ಬಿದ್ದಿದ್ದನ್ನ ಕಂಡ ಮನೆಯವಳು ನಾನು. ನಿನಗೆ ಆ ಗಾಡಿ ಬೇಡ. ಬೇಕಾದ್ರೆ ನಿಮ್ಮ ಮಾವನ್ನೇ ಕೇಳು. ಹೇಳಣ್ಣ, ನೀನೇ ಕಣ್ಣಾರೆ ನೋಡಿದೀಯಲ್ಲ."

ಹುಡುಗ ನನ್ನ ಮುಖ ನೋಡಿದ. ನಾನು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡೆ — ಬಾಯಿ ತುಂಬಿದ್ದರೆ ಉತ್ತರ ಕೊಡಬೇಕಾಗಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಇಪ್ಪತ್ತು ವರ್ಷ ಹೆಗಲ ಕಡೆಗೆ ಕಣ್ಣು ಕೂಡ ಹಾಯಿಸಿರಲಿಲ್ಲ. ಅವತ್ತು ಮೊದಲ ಸಲ ನನಗೆ ಹೆದರಿಕೆಯಾಯಿತು.

ನೆನಪು ಮಾಡಿಕೋ. ಆಗ ನಮ್ಮ ಮನೆ, ಬಸ್ಸಿನ ಷೆಡ್ಡು ಎರಡೂ ಮಲವಗೊಪ್ಪದಲ್ಲಿ ರಸ್ತೆಗೆ ತಾಗಿಕೊಂಡೇ ಇದ್ದವು. ಗದ್ದೆಯ ಮನೆತನದವರು ಮೋಟಾರಿಗೆ ಕೈ ಹಾಕಿದ್ದೆವು. ಶಿವಮೊಗ್ಗ-ಭದ್ರಾವತಿ ನಡುವೆ ಓಡುವ ನನ್ನ ಬಸ್ಸೆಂದರೆ ನನಗೆ ಆನೆ ಕಟ್ಟಿದಷ್ಟು ಜಂಬ. ಮಹಾದೇವಪ್ಪನವರು ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸಕ್ಕಿದ್ದರು. ಸಂಬಂಧ ಬಂದಾಗ ಕುಲ, ಗುಣ, ಸಂಬಳ ಯಾವುದಕ್ಕೂ ಕೊಂಕು ಸಿಗಲಿಲ್ಲ. ಅಪ್ಪ "ಗಿರಿಜೆಗೆ ಮಹಾದೇವ, ಹೆಸರೇ ಕೂಡಿ ಬಂದಿದೆ" ಎಂದು ನಕ್ಕಿದ್ದರು. ಇದ್ದದ್ದು ಒಂದೇ ಕೊಂಕು — ಅವರ ಫಟ್‌ಫಟಿ.

ಆ ಗಾಡಿಯನ್ನು ಕಂಡರೆ ನಮ್ಮ ಜನಕ್ಕೆ ಯಮನ ಕೋಣ ಕಂಡ ಹಾಗೆ. ಅದರ ಸದ್ದಿಗೆ ಹಸು ಹಾಲು ಇಳಿಸುವುದಿಲ್ಲ ಎನ್ನುವವರು, ಅದರ ಮೇಲೆ ಕೂತರೆ ಬೆನ್ನುಹುರಿಯೇ ಸಡಿಲವಾಗುತ್ತದೆ ಎನ್ನುವವರು. ಹೆಣ್ಣುಮಕ್ಕಳು ಹಿಂದೆ ಕೂತರಂತೂ ಮುಗಿಯಿತು, ಮಕ್ಕಳಾಗುವುದಿಲ್ಲ ಎಂದು ಅತ್ತೆಯೊಬ್ಬರು ಪ್ರಮಾಣ ಮಾಡಿ ಹೇಳಿದ್ದರು. ನಾನು ಇವರೆಲ್ಲರಿಗಿಂತ ಬುದ್ಧಿವಂತನ ಹಾಗೆ ಮಾತಾಡುತ್ತಿದ್ದೆ. ನಿಂತಲ್ಲಿ ತಾನಾಗಿ ನಿಲ್ಲಲಾರದ ಗಾಡಿ ಓಡುವಾಗ ಹೇಗೆ ನಿಲ್ಲುತ್ತದೆ? ಎರಡು ಚಕ್ರ ಎಂದಿದ್ದರೂ ಬೀಳುವುದೇ. ನನ್ನ ತಂಗಿಯನ್ನು ವಿಧವೆ ಮಾಡಲು ನಾನು ಒಪ್ಪುವುದಿಲ್ಲ. ಇದನ್ನು ನಾನು ಪೂರ್ತಿ ನಂಬಿದ್ದೆ ಕೂಡ. ನನ್ನ ಬಸ್ಸು ಹೊಳೆಯ ಇಳಿಜಾರಿನಲ್ಲಿ ಎರಡು ಸಲ ಚರಂಡಿಗೆ ಇಳಿದಿದ್ದರೂ — ಅದನ್ನು ದೇವರ ದಯೆಯ ಲೆಕ್ಕಕ್ಕೆ ಬರೆದುಕೊಂಡಿದ್ದೆವು.

ಆಯುಧಪೂಜೆಯ ಊಟಕ್ಕೆ ಅವರನ್ನು ಕರೆದದ್ದು ಅಪ್ಪ. ಊಟವಾದ ಮೇಲೆ ಜಗಲಿಯಲ್ಲಿ ಕೂತು ನಾನು ಅವರನ್ನು ವಿಚಾರಣೆಗೆ ಹಿಡಿದೆ. ಅವರು ಸಿಟ್ಟಾಗಲಿಲ್ಲ.

"ಗಾಡಿ ತಾನಾಗಿ ಯಾರನ್ನೂ ಬೀಳಿಸಲ್ಲ, ರುದ್ರಪ್ಪನವ್ರೇ. ರಸ್ತೆ ನೋಡ್ಕೊಂಡು ಓಡಿಸ್ಬೇಕು, ಅಷ್ಟೇ. ದನ ಕಂಡ್ರೆ ನಾನು ಇಳಿದು ತಳ್ಕೊಂಡು ಹೋಗೋನು. ನನ್ನ ಸ್ನೇಹಿತ್ರೆಲ್ಲ ನಗ್ತಾರೆ."

ಆಮೇಲೆ ನಡೆದದ್ದು ನಿನಗೂ ಗೊತ್ತು, ಬಾಗಿಲ ಸಂದಿಯಲ್ಲಿ ನಿಂತಿದ್ದೆಯಲ್ಲ. ಅಪ್ಪ ಪಂಚೆ ಎತ್ತಿ ಕಟ್ಟಿ, "ನೋಡೇ ಬಿಡೋಣ ಮಾರಾಯ" ಎಂದು ಹಿಂದೆ ಹತ್ತಿ ಕೂತರು. ಊರ ಬಾಗಿಲವರೆಗೆ ಹೋಗಿ ಬಂದು ಇಳಿದವರ ಮುಖ ಅಷ್ಟಗಲವಾಗಿತ್ತು. "ನಿನ್ನ ಬಸ್ಸಿಗಿಂತ ಮೆತ್ತಗೆ ಹೋಗ್ತದೆ ಕಣೋ" ಎಂದರು. ಎಲ್ಲರ ಮುಂದೆ. ಹಬ್ಬ ಕಳೆದ ಮೇಲೆ ವೀಳ್ಯ ಬದಲಾಯಿಸೋಣ ಎಂದೂ ಅಂದರು. ನೀನು ಒಳಗೆ ಓಡಿದೆ. ನಾನು ಬಸ್ಸು ತೊಳೆಯಲು ಷೆಡ್ಡಿಗೆ ಹೋದೆ.

ಬಸ್ಸಿಗೆ ಪೂಜೆಯಾಯಿತು. ದೃಷ್ಟಿ ತೆಗೆದ ಬೂದುಗುಂಬಳವನ್ನು ದಾರಿ ಕೂಡುವಲ್ಲಿ ಒಡೆಯುವುದು ರೂಢಿ. ಒಳಗೆ ಕುಂಕುಮ ತುಂಬಿದ್ದ ಕಾಯಿಯನ್ನು ಷೆಡ್ಡಿನಾಚೆಯ ತಿರುವಿಗೆ ಒಯ್ದು ಕುಕ್ಕಿದೆ. ಬಸ್ಸು ತೊಳೆದ ನೀರು ಅಲ್ಲಿಯವರೆಗೆ ಹರಿದು ರಸ್ತೆ ಒದ್ದೆಯಾಗಿತ್ತು. ಒಳಗೆ ಹೋಗುತ್ತಿದ್ದ ಅಪ್ಪ ತಿರುಗಿ ನೋಡಿದರು.

"ಚೂರೆಲ್ಲ ಬಳಿದು ಬೇಲಿ ಬುಡಕ್ಕೆ ಹಾಕೋ. ಜನ ಓಡಾಡೋ ದಾರಿ."

"ಹಾಕ್ತೀನಿ" ಎಂದೆ. ಹಾಕಲಿಲ್ಲ. ಮಹಾದೇವಪ್ಪನವರು ಆ ದಾರಿಯಲ್ಲೇ ಹೋಗಬೇಕೆಂದು ನನಗೆ ಗೊತ್ತಿತ್ತು. ಬೀಳಲಿ ಎಂದು ಬಿಟ್ಟೆನೇ? ಇಲ್ಲ — ಹಾಗೆಂದುಕೊಂಡಿದ್ದೇನೆ. ಬಗ್ಗಿ ಬಳಿಯಲು ಸಿಟ್ಟು ಬಿಡಲಿಲ್ಲ, ಅಷ್ಟೇ — ಅಥವಾ... ಈ ಒಂದು ಪ್ರಶ್ನೆಗೆ ನನ್ನ ಹತ್ತಿರ ನಿಜವಾದ ಉತ್ತರ ಇಲ್ಲ, ಗಿರಿಜಾ. ಇದ್ದಿದ್ದರೆ ಬರೆಯುತ್ತಿದ್ದೆ.

ಕತ್ತಲಾಗುವ ಮೊದಲು ಭದ್ರಾವತಿ ಸೇರಿಕೊಳ್ಳಬೇಕೆಂದು ಅವರು ಬೇಗನೇ ಹೊರಟರು. ನಾನು ಷೆಡ್ಡಿನ ಹಿಂದೆ ಕೈ ತೊಳೆಯುತ್ತಿದ್ದೆ. ಗಾಡಿಯ ಸದ್ದು ಕೇಳಿಸಿತು, ಜೋರೇನೂ ಇರಲಿಲ್ಲ. ಆಮೇಲೆ ಕಬ್ಬಿಣ ಕಲ್ಲಿಗೆ ಉಜ್ಜಿದ ಸದ್ದು. ಆಮೇಲೆ ಏನೂ ಇಲ್ಲ. ಮೊದಲು ಓಡಿಹೋದವನು ನಾನು. ಅವರು ಪ್ರಜ್ಞೆ ತಪ್ಪಿ ಬಿದ್ದಿದ್ದರು, ಕಾಲು ಗಾಡಿಯ ಕೆಳಗಿತ್ತು. ಒಡೆದ ಕಾಯಿಯ ತಿರುಳಿನ ಮೇಲೆ ಚಕ್ರ ಜಾರಿದ ಗುರುತು ಎದ್ದು ಕಾಣುತ್ತಿತ್ತು.

ಈಗ ಬರೆಯುವುದನ್ನು ಬರೆಯಲು ಮೂರು ದಿನದಿಂದ ಹಿಂದೆಮುಂದೆ ನೋಡಿದೆ. ಅವರನ್ನು ಎತ್ತುವ ಮುಂಚೆ ನಾನು ಚೂರುಗಳನ್ನು ಕಾಲಿನಿಂದ ಚರಂಡಿಗೆ ತಳ್ಳಿದೆ. ಮೊದಲು ಅದು; ಆಮೇಲೆ ಮನುಷ್ಯ.

ಜನ ಸೇರುವ ಹೊತ್ತಿಗೆ ನಾನು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಅವರ ಅಂಗಿಗೆ ಮೆತ್ತಿದ್ದ ಕುಂಕುಮವನ್ನು ಎಲ್ಲರೂ ರಕ್ತವೆಂದುಕೊಂಡರು, ನಾನು ಅಲ್ಲವೆನ್ನಲಿಲ್ಲ. ಹೇಗಾಯಿತೆಂದು ಯಾರೋ ಕೇಳಿದರು.

"ಏನ್ ಹೇಳೋದು, ನಾನೇ ಕಣ್ಣಾರೆ ನೋಡಿದೆ. ಹುಚ್ಚು ಜೋರು" ಎಂದೆ.

ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು ಒಂದೇ ಮಾತು ಕೇಳಿದರು — ಚೂರು ಎತ್ತಿ ಹಾಕಿದ್ಯಾ? ಆಗಲೇ ಹಾಕಿದೆ ಎಂದೆ. ಅಪ್ಪ ನಂಬಿದರು, ಸಾಯುವವರೆಗೂ ನಂಬಿಯೇ ಇದ್ದರು. ಚರಂಡಿಯಲ್ಲಿದ್ದದ್ದನ್ನು ಬೆಳಗಾಗುವುದರೊಳಗೆ ಪಕ್ಕದ ಮನೆಯ ಎಮ್ಮೆ ತಿಂದು ಮುಗಿಸಿತು.

ಊರು ಉಳಿದದ್ದನ್ನು ತಾನೇ ಮಾಡಿತು. ನನ್ನ 'ಜೋರು' ಭದ್ರಾವತಿಯ ಜನ್ನಾಪುರ ಮುಟ್ಟುವ ಹೊತ್ತಿಗೆ ರೈಲಿನ ಜೊತೆ ಪಂದ್ಯ ಕಟ್ಟಿದ್ದರಂತೆ ಎಂದಾಗಿತ್ತು, ಕಾರ್ಖಾನೆಯ ಗೇಟು ಮುಟ್ಟುವ ಹೊತ್ತಿಗೆ ಕುಡಿದಿದ್ದರಂತೆ ಎಂದು. ಕುಡಿತದ ವಾಸನೆ ಕೂಡ ಅರಿಯದ ಮನುಷ್ಯ. ಒಬ್ಬನೇ ಒಬ್ಬ ರಸ್ತೆ ಹೇಗಿತ್ತು ಎಂದು ಕೇಳಲಿಲ್ಲ. ಎತ್ತಿನ ಗಾಡಿ ಮಗುಚಿದರೆ ಹಳ್ಳವನ್ನು ಬೈಯುತ್ತೇವೆ, ಬಸ್ಸು ಮಗುಚಿದರೆ ಹಣೆಬರಹವನ್ನು. ಫಟ್‌ಫಟಿ ಬಿದ್ದರೆ ಮಾತ್ರ ಸವಾರನನ್ನು. ನನ್ನ ಸುಳ್ಳಿಗೆ ಸಾಕ್ಷಿಯೇ ಬೇಕಾಗಲಿಲ್ಲ, ಊರು ಅದನ್ನು ಮೊದಲೇ ನಂಬಿ ಕೂತಿತ್ತು. ಇವತ್ತಿಗೂ ಹುಡುಗರು ಸೈಕಲ್ಲನ್ನು ಸ್ವಲ್ಪ ರಭಸವಾಗಿ ತುಳಿದರೆ "ಮಹಾದೇವ ಆಗ್ತೀಯ ನೋಡು" ಎಂದು ತಾಯಂದಿರು ಗದರುತ್ತಾರೆ. ಮಹಾದೇವಪ್ಪನವರನ್ನು ಬಸ್ಸಿನಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಸಾಗಿಸಿದ ನನಗೆ ಪುಣ್ಯಾತ್ಮನೆಂಬ ಹೆಸರು ಬಂತು.

ಆಸ್ಪತ್ರೆಯ ಮಾತನ್ನು ನಿನಗೆ ಯಾರೂ ಹೇಳಿಲ್ಲ. ಹೇಳಬೇಕಾದವನು ನಾನೊಬ್ಬನೇ ಇದ್ದೆ. ಕಾಲಿಗೆ ಪಟ್ಟಿ ಕಟ್ಟಿ ಮಲಗಿಸಿದ್ದರು. ಅವರು ನನ್ನ ಕೈ ಹಿಡಿದುಕೊಂಡು ಕೇಳಿದರು.

"ಹೇಗೆ ಬಿದ್ದೆ ಅಂತ ನೆನಪೇ ಬರ್ತಿಲ್ಲ. ನಿಧಾನವಾಗೇ ಹೋಗ್ತಿದ್ದೆ ಅನ್ಸುತ್ತೆ. ನೀವು ನೋಡಿದ್ರಂತಲ್ಲ, ನಿಜ ಹೇಳಿ. ಜೋರಾಗಿದ್ನಾ?"

ಸುತ್ತಮುತ್ತ ಯಾರೂ ಇರಲಿಲ್ಲ. ಆಗಲಾದರೂ —

"ಹೌದು. ಜೋರಾಗೇ ಇತ್ತು" ಎಂದೆ.

ಅವರು ತಮ್ಮ ಅಂಗೈಗಳನ್ನು ನೋಡಿಕೊಂಡರು. ಆಮೇಲೆ ಹೇಳಿದರು, "ಹಾಗಾದ್ರೆ ನೀವು ಹೇಳ್ತಿದ್ದಿದ್ದೇ ಸರಿ. ನನ್ನ ಕೈ ಮೇಲೆ ನನಗೇ ನಂಬಿಕೆ ಹೋಯ್ತು. ನಿಮ್ಮ ತಂಗೀನ ಯಾವ ಧೈರ್ಯದ ಮೇಲೆ ಕೇಳಲಿ? ಅವ್ರಿಗೆ ಬೇರೆ ಕಡೆ ನೋಡಿ."

ಹಿರಿಯರು ಬೇಡವೆಂದರು ಎಂದು ನಿನಗೆ ಹೇಳಿದೆವು. ಅವರಾಗಿಯೇ ಹಿಂದೆ ಸರಿದರು ಗಿರಿಜಾ, ನಿನ್ನ ಜೀವಕ್ಕೆ ಹೆದರಿ. ನೀನು ಅಡುಗೆಮನೆಯಲ್ಲಿ ಸದ್ದಿಲ್ಲದೆ ಅತ್ತದ್ದು ನನಗೆ ಗೊತ್ತಿತ್ತು. ಮುಂದಿನ ಬೇಸಿಗೆಯಲ್ಲಿ ನಾನೇ ಕುಂಸಿಯ ಸಂಬಂಧ ತಂದೆ, ನಾನೇ ಮುಂದೆ ನಿಂತು ಧಾರೆ ಎರೆಸಿದೆ. ನಿನ್ನ ಯಜಮಾನರು ಬಂಗಾರದಂಥ ಮನುಷ್ಯ. ನೀನು ಸುಖವಾಗಿದ್ದೀಯ ಎಂಬುದನ್ನೇ ಇಷ್ಟು ವರ್ಷ ತಲೆದಿಂಬು ಮಾಡಿಕೊಂಡು ಮಲಗಿದೆ. ಆದರೆ ನಿನ್ನ ಸುಖ ನಿನ್ನದು. ಅದನ್ನು ನನ್ನ ಸುಳ್ಳಿಗೆ ಜಮಾ ಮಾಡಿಕೊಳ್ಳುವ ಹಕ್ಕು ನನಗಿಲ್ಲ.

ಮೊನ್ನೆ ಜನ್ನಾಪುರಕ್ಕೆ, ಅವರ ಮನೆಗೆ ಹೋದೆ. ಮಹಾದೇವಪ್ಪನವರು ಕಾಲು ಎಳೆಯುತ್ತ ಬಂದು ಕುರ್ಚಿ ಹಾಕಿದರು. ಕಾರ್ಖಾನೆಗೆ ಇವತ್ತಿಗೂ ನಡೆದೇ ಹೋಗುತ್ತಾರಂತೆ. ಮಕ್ಕಳಿಗೆ ಸೈಕಲ್ ಮುಟ್ಟಲೂ ಬಿಟ್ಟಿಲ್ಲವಂತೆ. ನಾನು ಕೂರಲಿಲ್ಲ. ನಿಂತುಕೊಂಡೇ, ಚೂರು ತಳ್ಳಿದ್ದೂ ಸೇರಿಸಿ, ಎಲ್ಲ ಹೇಳಿದೆ. ಬೈಯುತ್ತಾರೆ, ಹೊಡೆಯುತ್ತಾರೆ ಎಂದು ತಯಾರಾಗಿಯೇ ಹೋಗಿದ್ದೆ. ಅದಕ್ಕೆಲ್ಲ ಉತ್ತರ ಕೂಡ ಹೊಂದಿಸಿಕೊಂಡಿದ್ದೆ — ಹುಟ್ಟುಗುಣ.

ಅವರು ಬೈಯಲಿಲ್ಲ. ಒಳಗೆ ತಿರುಗಿ ಹೆಂಡತಿಯನ್ನು ಕರೆದರು.

"ಇಲ್ಲಿ ಬಾರೇ. ನಾನು ಜೋರಾಗಿ ಹೋಗ್ತಿರಲಿಲ್ವಂತೆ." ಆಮೇಲೆ ನನಗೆ, "ಇನ್ನೊಂದ್ಸಲ ಹೇಳಿ. ಅವಳೂ ಕೇಳ್ಲಿ."

ಹೇಳಿದೆ. ಆಕೆ ತಂದ ಕಾಫಿಯನ್ನು ಕೊಡದೆ ಕೈಯಲ್ಲೇ ಹಿಡಿದು ನಿಂತರು. ಅವರು ದೊಡ್ಡ ಮಗನನ್ನು ಕರೆದರು. "ಇನ್ನೊಂದ್ಸಲ ಹೇಳಿ." ಹೇಳಿದೆ. ಬೇಲಿಯಾಚೆಯ ಮನೆಯವರನ್ನು ಕರೆದರು. ಅವರೆದುರೂ ಹೇಳಿದೆ. ಒಂದೊಂದು ಸಲ ಹೇಳುವಾಗಲೂ ಅವರು ನನ್ನ ಮುಖ ನೋಡಲಿಲ್ಲ. ಕೇಳುತ್ತಿದ್ದವರ ಮುಖವನ್ನೇ ನೋಡುತ್ತಿದ್ದರು. ನಾಲ್ಕನೆಯ ಸಲವೂ ಹೇಳಿ ಮುಗಿಸಿದೆ. ಆಗಲೂ ಅವರು ಸಾಕು ಎನ್ನಲಿಲ್ಲ.

ಹೊರಡುವಾಗ ಒಂದೇ ಮಾತು ಕೇಳಿದರು, "ನಿಮ್ಮ ತಂಗಿಗೆ ಗೊತ್ತಾ?"

ಗೊತ್ತಿಲ್ಲ ಎಂದೆ. ಅವರು ಬಾಗಿಲು ಹಾಕಿಕೊಂಡರು.

ಈಗ ಗೊತ್ತಾಯಿತು, ಗಿರಿಜಾ. ಭಾನುವಾರ ಮೊದಲ ಬಸ್ಸಿಗೆ ಕುಂಸಿಗೆ ಬರುತ್ತೇನೆ. ಒಳಗೆ ಕರೆಯಬೇಕೆಂದಿಲ್ಲ. ಯಜಮಾನರ ಮುಂದೆ, ಸೋಮುವಿನ ಮುಂದೆ, ನೀನು ಯಾರ ಯಾರನ್ನು ಕರೆದು ನಿಲ್ಲಿಸುತ್ತೀಯೋ ಅವರೆಲ್ಲರ ಮುಂದೆ, ನೀನು ಸಾಕು ಎನ್ನುವವರೆಗೆ ಹೇಳುತ್ತೇನೆ.